ನಕ್ಷೆಯ ಚುಕ್ಕಿಗಳು ಮತ್ತು ಬಿಟ್ಟುಹೋದ ಗೆರೆಗಳು: ಚಿಕಾಗೊ ಪಂಥದ ಒಂದು ಮರುಪರಿಶೀಲನೆ

ಬಡತನ, ಬಾಲಾಪರಾಧ, ಅಲೆಮಾರಿತನ, ಕುಟುಂಬದ ಒಡಕು ಇವೆಲ್ಲ ಕೆಟ್ಟ ರಕ್ತದಿಂದಲೋ ದುರ್ಬಲ ಬುದ್ಧಿಯಿಂದಲೋ ಹುಟ್ಟುತ್ತವೆ ಎಂಬ ನಂಬಿಕೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಗಟ್ಟಿಯಾಗಿತ್ತು. ಇಂಡಿಯಾನಾ ರಾಜ್ಯ 1907ರಲ್ಲಿ ಅಪರಾಧಿಗಳಿಗೂ ಬುದ್ಧಿಮಾಂದ್ಯರೆನಿಸಿದವರಿಗೂ ಬಲವಂತದಿಂದ ಸಂತಾನಹರಣ ಚಿಕಿತ್ಸೆ ಮಾಡಿಸುವ ಕಾನೂನನ್ನೇ ತಂದಿತು. ಈ ನಂಬಿಕೆಯ ಬುಡವನ್ನು ಅಲುಗಾಡಿಸಿದವರಲ್ಲಿ ಚಿಕಾಗೊ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞರು ಮುಖ್ಯರು. ಸಮಸ್ಯೆಯನ್ನು ವ್ಯಕ್ತಿಯಿಂದ ಬಿಡಿಸಿ ಅವನು ಬದುಕುವ ಜಾಗಕ್ಕೆ ಜೋಡಿಸಿದ್ದು ಅವರ ದೊಡ್ಡ ಸಾಧನೆ. ಆದರೆ ಆ ಜಾಗ ಹಾಗಿರುವಂತೆ ಮಾಡಿದವರು ಯಾರು ಎಂಬ ಪ್ರಶ್ನೆ ಅವರ ಸಿದ್ಧಾಂತದ ಹೊರಗೇ ಉಳಿಯಿತು.

ಆ ಊರೇ ಅವರ ಪ್ರಯೋಗಶಾಲೆ. 1840ರಲ್ಲಿ ಚಿಕಾಗೊದಲ್ಲಿ ಐದು ಸಾವಿರ ಜನರೂ ಇರಲಿಲ್ಲ. 1890ಕ್ಕೆ ಹತ್ತು ಲಕ್ಷ ದಾಟಿತ್ತು, 1930ಕ್ಕೆ ಮೂವತ್ತಮೂರು ಲಕ್ಷವನ್ನೂ ಮೀರಿತು. ಐರಿಷರು, ಜರ್ಮನರು, ಪೋಲರು, ಇಟಾಲಿಯನ್ನರು, ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪು ಜನ ಅಲೆಅಲೆಯಾಗಿ ಬಂದು ನೆಲೆಸಿದರು. ಡಬ್ಲ್ಯು. ಐ. ಥಾಮಸ್ ಮತ್ತು ಫ್ಲೋರಿಯನ್ ಜ್ನಾನಿಯೆಟ್ಸ್ಕಿ 1918ರಿಂದ 1920ರ ನಡುವೆ ಹೊರತಂದ ಪೋಲಿಷ್ ರೈತರ ಕುರಿತ ಬೃಹತ್ ಅಧ್ಯಯನ ಈ ವಲಸಿಗರು ಊರಿನವರೊಡನೆ ನಡೆಸಿದ ಪತ್ರವ್ಯವಹಾರವನ್ನು ಆಧರಿಸಿತ್ತು. ಹಳ್ಳಿಯ ಕಟ್ಟುಪಾಡುಗಳು ಹಿಡಿತ ಕಳೆದುಕೊಂಡು, ಹೊಸವು ಇನ್ನೂ ಬೇರೂರದ ಸ್ಥಿತಿಯನ್ನು ಅವರು ಸಾಮಾಜಿಕ ವಿಘಟನೆ ಎಂದು ಕರೆದರು. ಅವರ ಮಟ್ಟಿಗೆ ಇದು ಶಾಶ್ವತ ರೋಗವಲ್ಲ, ಮರುಸಂಘಟನೆಗೆ ಮುಂಚಿನ ಒಂದು ಹಂತ. ಮುಂದೆ ಬಂದವರು ಈ ಎರಡನೆಯ ಮಾತನ್ನು ಬಹುಮಟ್ಟಿಗೆ ಮರೆತರು.

ಪತ್ರಕರ್ತನಾಗಿ ದುಡಿದು ಬಂದಿದ್ದ ರಾಬರ್ಟ್ ಪಾರ್ಕ್ ವಿದ್ಯಾರ್ಥಿಗಳನ್ನು ಗ್ರಂಥಾಲಯದಿಂದ ಎಬ್ಬಿಸಿ ಬೀದಿಗೆ ಕಳಿಸಿದರು. ಅವರ ಸಹೋದ್ಯೋಗಿ ಅರ್ನೆಸ್ಟ್ ಬರ್ಜೆಸ್ 1925ರಲ್ಲಿ ನಗರವನ್ನು ಒಂದರ ಸುತ್ತ ಒಂದು ಇರುವ ಐದು ವಲಯಗಳಾಗಿ ವಿವರಿಸಿದರು. ನಡುವೆ ವ್ಯಾಪಾರ ಕೇಂದ್ರ. ಅದಕ್ಕೆ ತಾಗಿ ಅಗ್ಗದ ಬಾಡಿಗೆಯ, ಹೊಸ ವಲಸಿಗರ ಸಂಕ್ರಮಣ ವಲಯ. ಅದರಾಚೆ ಕಾರ್ಮಿಕರ ಮನೆಗಳು, ಅನುಕೂಲಸ್ಥರ ಬಡಾವಣೆಗಳು, ಹೊರಗಿನಿಂದ ನಿತ್ಯ ಓಡಾಡುವವರ ಉಪನಗರ.

ಈ ಚಿತ್ರಕ್ಕೆ ಪುರಾವೆಯ ಬಲ ಕೊಟ್ಟವರು ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೆ. ಬಾಲನ್ಯಾಯಾಲಯಕ್ಕೆ ಬಂದ ಒಬ್ಬೊಬ್ಬ ಹುಡುಗನ ಮನೆಯ ವಿಳಾಸವನ್ನೂ ಅವರು ನಗರದ ನಕ್ಷೆಯ ಮೇಲೆ ಒಂದೊಂದು ಚುಕ್ಕಿಯಾಗಿ ಗುರುತಿಸಿದರು. 1900–06, 1917–23, 1927–33 ಹೀಗೆ ಮೂರು ಅವಧಿಗಳ ದಾಖಲೆಗಳನ್ನು ಪಕ್ಕಪಕ್ಕ ಇಟ್ಟಾಗ ಚುಕ್ಕಿಗಳು ಹೆಚ್ಚುಕಡಿಮೆ ಅದೇ ಕೇರಿಗಳಲ್ಲಿ ಕಿಕ್ಕಿರಿದಿದ್ದವು. ಅಷ್ಟರಲ್ಲಿ ಅಲ್ಲಿನ ಜನ ಮಾತ್ರ ಬದಲಾಗಿದ್ದರು: ಜರ್ಮನರು, ಐರಿಷರು ಹೊರಟುಹೋಗಿ ಪೋಲರು, ಇಟಾಲಿಯನ್ನರು ಬಂದಿದ್ದರು. ಹೊರಗಿನ ವಲಯಕ್ಕೆ ಹೋದ ಕುಟುಂಬಗಳಲ್ಲಿ ಬಾಲಾಪರಾಧದ ಪ್ರಮಾಣ ಇಳಿದಿತ್ತು. ಅಪರಾಧ ಯಾವುದೋ ಒಂದು ಜನಾಂಗದ ಗುಣ ಎಂಬ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಸಿಗುವುದು ಕಷ್ಟ. 1942ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನ ಇಂದಿಗೂ ಗೌರವಕ್ಕೆ ಅರ್ಹವಾಗಿರುವುದು ಮುಖ್ಯವಾಗಿ ಈ ಕಾರಣಕ್ಕೆ.

ತೊಡಕು ಶುರುವಾಗುವುದು ವಿವರಣೆಯಲ್ಲಿ. ಬಡತನ, ಜನ ನಿಲ್ಲದೆ ಬಂದುಹೋಗುವುದು, ಹಲವು ಭಾಷೆ–ಮೂಲಗಳ ಬೆರಕೆ ಇವುಗಳಿಂದ ಕೇರಿಯ ಹಿಡಿತ ಸಡಿಲವಾಗುತ್ತದೆ, ಮಕ್ಕಳು ದಾರಿ ತಪ್ಪುತ್ತಾರೆ ಎಂಬುದು ಅವರ ವಾದ. ಬಾಸ್ಟನ್ನಿನ ಇಟಾಲಿಯನ್ ಕೇರಿಯೊಂದರಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಇದ್ದು 1943ರಲ್ಲಿ ಪುಸ್ತಕ ಬರೆದ ವಿಲಿಯಂ ಫೂಟ್ ವೈಟ್ ಅಲ್ಲಿ ಕಂಡದ್ದು ಬೇರೆಯೇ. ಬೀದಿಮೂಲೆಯ ಹುಡುಗರ ಗುಂಪಿಗೂ ನಾಯಕನಿದ್ದ, ಋಣವಿತ್ತು, ಕೊಟ್ಟು ತೆಗೆದುಕೊಳ್ಳುವ ನಿಯಮವಿತ್ತು. ಕೊಳೆಗೇರಿಯಲ್ಲಿ ಸಂಘಟನೆ ಇರಲಿಲ್ಲವೆಂದಲ್ಲ. ಅದು ಹೊರಗಿನ ಸಮಾಜದ ಅಳತೆಗೆ ಹೊಂದುತ್ತಿರಲಿಲ್ಲ. ಅದೇ ವರ್ಷ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ ಇನ್ನೂ ಕಟುವಾಗಿ ಬರೆದರು: ಸಾಮಾಜಿಕ ಸಮಸ್ಯೆಗಳ ಪಠ್ಯಪುಸ್ತಕ ಬರೆಯುವವರು ಬಹುಪಾಲು ಸಣ್ಣ ಊರುಗಳಿಂದ ಬಂದವರು, ತಮ್ಮ ಊರಿನ ನಡವಳಿಕೆಯನ್ನೇ ಸಹಜವೆಂದು ಹಿಡಿದು, ಅದರಿಂದ ಸರಿದದ್ದನ್ನೆಲ್ಲ ರೋಗವೆನ್ನುತ್ತಾರೆ.

ಇದಕ್ಕಿಂತ ಗಂಭೀರವಾದ ಕೊರತೆ ಇನ್ನೊಂದಿದೆ. ಪಾರ್ಕ್ ಮತ್ತು ಬರ್ಜೆಸ್ ಸಸ್ಯಪರಿಸರ ವಿಜ್ಞಾನದಿಂದ ತಮ್ಮ ಮಾದರಿಯನ್ನು ಪಡೆದರು: ಒಂದು ಜಾತಿಯ ಗಿಡ ಇನ್ನೊಂದರ ನೆಲಕ್ಕೆ ನುಗ್ಗಿ ಕ್ರಮೇಣ ಅದರ ಸ್ಥಾನ ಹಿಡಿಯುವಂತೆ ಜನಸಮುದಾಯಗಳೂ ನಗರದಲ್ಲಿ ಜಾಗ ಬದಲಿಸುತ್ತವೆ. ಆದರೆ ಚಿಕಾಗೊದ ಕಪ್ಪು ಜನ ಸಹಜವಾಗಿ ಒಂದೆಡೆ ಸೇರಿದವರಲ್ಲ. 1920ರ ದಶಕದಿಂದ ಬಿಳಿಯರ ಬಡಾವಣೆಗಳಲ್ಲಿ, ಕಪ್ಪು ಜನರಿಗೆ ಮನೆಯನ್ನು ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ ಎಂಬ ಕರಾರುಗಳು ಆಸ್ತಿಪತ್ರಕ್ಕೆ ಸೇರುತ್ತಿದ್ದವು. ಅದಕ್ಕೆ 1927ರಲ್ಲಿ ಮಾದರಿ ಕರಡೇ ಸಿದ್ಧವಾಗಿತ್ತು. ಅದರ ಹಿಂದಿದ್ದದ್ದು ಚಿಕಾಗೊ ರಿಯಲ್ ಎಸ್ಟೇಟ್ ಮಂಡಳಿ. ಇಂಥ ಕರಾರನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಅಷ್ಟರಲ್ಲಿ ಒಕ್ಕೂಟ ಸರ್ಕಾರದ ಗೃಹಸಾಲ ಸಂಸ್ಥೆಯ ನಕ್ಷೆಗಳು ಕಪ್ಪು ಜನರ ಕೇರಿಗಳಿಗೆ ಕೆಂಪು ಬಳಿದು, ಸಾಲಕ್ಕೆ ಅತ್ಯಂತ ಅಪಾಯಕರ ದರ್ಜೆಗೆ ಹಾಕಿದ್ದವು. ಐರಿಷ್ ಕುಟುಂಬ ನಾಲ್ಕು ಕಾಸು ಕೂಡಿಸಿ ಹೊರವಲಯಕ್ಕೆ ಹೋಗಬಹುದಿತ್ತು. ಕಪ್ಪು ಕುಟುಂಬದ ಕೈಯಲ್ಲಿ ಹಣವಿದ್ದರೂ ದಾರಿ ಮುಚ್ಚಿತ್ತು. ಶಾ–ಮೆಕೆ ನಕ್ಷೆಯಲ್ಲಿ ಮಕ್ಕಳ ವಿಳಾಸಗಳಿವೆ, ಈ ಗೆರೆಗಳಿಲ್ಲ. ಅವನ್ನು ಬಿಡಿಸಿ ತೋರಿಸಿದವರು ಅದೇ ವಿಶ್ವವಿದ್ಯಾಲಯದಲ್ಲಿ ತರಬೇತಾದ ಸೇಂಟ್ ಕ್ಲೇರ್ ಡ್ರೇಕ್ ಮತ್ತು ಹೊರೇಸ್ ಕೇಟನ್, 1945ರಲ್ಲಿ. ಅದಕ್ಕೂ ಬಹಳ ಮೊದಲೇ ಡಬ್ಲ್ಯು. ಇ. ಬಿ. ಡುಬೊಯ್ಸ್ ಫಿಲಡೆಲ್ಫಿಯಾದ ಏಳನೇ ವಾರ್ಡಿನಲ್ಲಿ ಮನೆಮನೆಗೆ ಹೋಗಿ, ಕೆಲಸ ಕೊಡುವುದರಲ್ಲಿನ ವರ್ಣಭೇದವನ್ನೇ ಬಡತನದ ಮುಖ್ಯ ಕಾರಣಗಳಲ್ಲಿ ಒಂದಾಗಿ 1899ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದರು. ಚಿಕಾಗೊ ಪಂಥ ಆ ಗ್ರಂಥದಿಂದ ಕಲಿಯಬೇಕಾದಷ್ಟು ಕಲಿಯಲಿಲ್ಲ. ಇದು ಸಣ್ಣ ಲೋಪವಲ್ಲ.

ಆಗ ಹಾರ್ವರ್ಡ್‌ನಲ್ಲಿದ್ದ ರಾಬರ್ಟ್ ಮರ್ಟನ್ 1938ರಲ್ಲೇ ಬೇರೆ ದಿಕ್ಕು ತೋರಿಸಿದ್ದರು: ಶ್ರೀಮಂತಿಕೆಯನ್ನು ಎಲ್ಲರ ಗುರಿಯಾಗಿಸಿ, ಅದನ್ನು ಮುಟ್ಟುವ ನ್ಯಾಯವಾದ ದಾರಿಯನ್ನು ಕೆಲವರಿಗಷ್ಟೇ ತೆರೆದಿಡುವ ಸಮಾಜವೇ ವಿಚಲನೆಗೆ, ಅಂದರೆ ನಿಯಮ ಮೀರುವುದಕ್ಕೆ, ಒತ್ತಡ ಹೇರುತ್ತದೆ. ಚಿಕಾಗೊದೊಳಗಿಂದಲೇ ಬಂದ ಹೊವರ್ಡ್ ಬೆಕರ್ 1963ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು. ಅವರ ಪ್ರಕಾರ ವಿಚಲನೆ ಕೃತ್ಯದ ಗುಣವಲ್ಲ. ನಿಯಮ ಮಾಡುವವರು ಕೆಲವರಿಗೆ ಅಂಟಿಸುವ ಹಣೆಪಟ್ಟಿ. ಹಾಗೆ ನೋಡಿದರೆ ಶಾ–ಮೆಕೆ ಚುಕ್ಕಿಗಳು ತಪ್ಪು ಮಾಡಿದ ಮಕ್ಕಳನ್ನಷ್ಟೇ ಅಲ್ಲ, ಪೊಲೀಸರು ಹಿಡಿಯಲು ಹೋದ ಕೇರಿಗಳನ್ನೂ ತೋರಿಸುತ್ತವೆ.

ಹಣೆಪಟ್ಟಿ ಸಿದ್ಧಾಂತಕ್ಕೆ ಭಾರತದ ಅನುಭವದಷ್ಟು ಗಟ್ಟಿ ಸಾಕ್ಷಿ ಅಮೆರಿಕದಲ್ಲೂ ಸಿಗಲಾರದು. ಬ್ರಿಟಿಷ್ ಸರ್ಕಾರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಿಂದ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ನೋಂದಾಯಿಸಿತು. 1911ರ ಕಾಯ್ದೆ ಅದನ್ನು ದೇಶದ ಉಳಿದ ಭಾಗಗಳಿಗೂ ವಿಸ್ತರಿಸಿತು. ನೋಂದಾಯಿತರು ಪೊಲೀಸರೆದುರು ಹಾಜರಿ ಹಾಕಬೇಕಿತ್ತು, ಪಾಸ್ ಇಲ್ಲದೆ ಊರು ಬಿಡುವಂತಿರಲಿಲ್ಲ. ಮುಂಬಯಿ ಪ್ರಾಂತ್ಯದ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇವರಿಗಾಗಿ ಕಾವಲಿನ ವಸತಿಗಳಿದ್ದವು. ಹುಬ್ಬಳ್ಳಿಯಲ್ಲಿ ಆ ಜಾಗವನ್ನು ಜನ ಈಗಲೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. 1952ರಲ್ಲಿ ಕಾಯ್ದೆ ರದ್ದಾಗಿ ಅವರು ವಿಮುಕ್ತರೆನಿಸಿದರು. ಆದರೆ ರೂಢಿಗತ ಅಪರಾಧಿಗಳ ಕುರಿತ ರಾಜ್ಯಗಳ ಕಾಯ್ದೆಗಳು ಅದೇ ಅನುಮಾನವನ್ನು ಮುಂದುವರಿಸಿದವು. ಕರ್ನಾಟಕದ ಕಾಯ್ದೆ 1961ರದು. ಇಲ್ಲಿ ಸಮುದಾಯದ ವಿಘಟನೆಯಿಂದ ಅಪರಾಧ ಹುಟ್ಟಲಿಲ್ಲ. ಅಪರಾಧಿ ಎಂಬ ಹೆಸರೇ ದುಡಿಮೆಯನ್ನೂ ಓಡಾಟವನ್ನೂ ಕಿತ್ತುಕೊಂಡು ಸಮುದಾಯವನ್ನು ಒಡೆಯಿತು.

ಹಣೆಪಟ್ಟಿ ಸಿದ್ಧಾಂತದ ದಾರಿಯನ್ನು ಕೊನೆಮುಟ್ಟ ಎಳೆದವರು ಮಾಲ್ಕಮ್ ಸ್ಪೆಕ್ಟರ್ ಮತ್ತು ಜಾನ್ ಕಿಟ್ಸ್ಯೂಸ್. ಸಮಸ್ಯೆ ಎಂದರೆ ಒಂದು ಸ್ಥಿತಿಯಲ್ಲ, ಅದನ್ನು ಸಮಸ್ಯೆಯೆಂದು ಸಾರುವವರ ಹಕ್ಕೊತ್ತಾಯ ಎಂದು ಅವರು 1977ರಲ್ಲಿ ವಾದಿಸಿದರು. ಯಾವ ಸಂಕಟ ಏಕೆ ಸುದ್ದಿಯಾಗುತ್ತದೆ ಎಂಬುದನ್ನು ತಿಳಿಯಲು ಇದು ಉಪಯುಕ್ತ. ಆದರೆ ಹಸಿವನ್ನೂ ಬರೀ ಹಕ್ಕೊತ್ತಾಯವಾಗಿ ಕಾಣುವ ಶಾಸ್ತ್ರ, ದನಿಯೆತ್ತಲು ತ್ರಾಣವಿಲ್ಲದವರನ್ನು ಪೂರ್ತಿ ಕೈಬಿಡುತ್ತದೆ.

ಆದ್ದರಿಂದಲೇ ವಿಲಿಯಂ ಜೂಲಿಯಸ್ ವಿಲ್ಸನ್ 1987ರಲ್ಲಿ ಚಿಕಾಗೊದ ಬಡ ಕೇರಿಗಳಿಗೆ ಮರಳಿ, ಕಾರ್ಖಾನೆಗಳ ಕೆಲಸ ಕರಗಿದ್ದನ್ನು ವಿವರಣೆಯ ನಡುವೆ ತಂದದ್ದು ಮಹತ್ವದ ಹೆಜ್ಜೆ. ನಗರದ ದಕ್ಷಿಣ ಭಾಗದಲ್ಲಿ ವಿಸ್ಕಾನ್ಸಿನ್ ಸ್ಟೀಲ್ ಕಾರ್ಖಾನೆ 1980ರಲ್ಲಿ ಬಾಗಿಲು ಹಾಕಿದಾಗ ಸಾವಿರಾರು ಕಾರ್ಮಿಕರು ಒಮ್ಮೆಗೇ ಬೀದಿಗೆ ಬಿದ್ದಿದ್ದರು. ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು ಚಿಕಾಗೊದ 343 ನೆರೆಹೊರೆಗಳ 8,782 ನಿವಾಸಿಗಳನ್ನು ಸಂದರ್ಶಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನ ಹಳೆಯ ವಿಘಟನೆಯ ವಾದವನ್ನು ಹೆಚ್ಚು ಎಚ್ಚರದಿಂದ ಪುನಃ ಕಟ್ಟಿತು: ನೆರೆಯವರಲ್ಲಿ ಪರಸ್ಪರ ನಂಬಿಕೆ, ಬೀದಿಯ ಮಕ್ಕಳನ್ನು ಗದರಿಸುವ ಧೈರ್ಯ ಇರುವಲ್ಲಿ ಹಿಂಸೆ ಕಡಿಮೆ. ಆ ನಂಬಿಕೆ ಬಡತನ ಒಂದೆಡೆ ಒಟ್ಟುಗೂಡಿದ ಕೇರಿಗಳಲ್ಲಿ ಕ್ಷೀಣಿಸಿತ್ತು ಎಂಬುದನ್ನೂ ಅದೇ ಅಧ್ಯಯನ ತೋರಿಸಿತು. ಡ್ರೇಕ್ ಮತ್ತು ಕೇಟನ್ ದಾಖಲಿಸಿದ ಕರಾರುಗಳನ್ನು, ವಿಲ್ಸನ್ ವಿವರಿಸಿದ ಮುಚ್ಚಿದ ಕಾರ್ಖಾನೆಗಳನ್ನು ಈ ಅಳತೆಯ ಜೊತೆಗಿಟ್ಟು ಓದಿದಾಗಲೇ ಅದು ಪೂರ್ತಿ ಅರ್ಥವಾಗುತ್ತದೆ.