ಹೆಸರು ಮರೆತ ಚಿತ್ರಗಳು: ನರಸಿಂಹರಾಜು ಅವರ ಹಾಸ್ಯ ಮತ್ತು ಅಭಿಮಾನಿಗಳ ಆಯ್ಕೆ

ನರಸಿಂಹರಾಜು ಅವರ ಚಿತ್ರಗಳಲ್ಲಿ ಅತ್ಯಂತ ಮೆಚ್ಚಿದ್ದು ಯಾವುದೆಂದು ಹಳೆಯ ಪ್ರೇಕ್ಷಕರನ್ನು ಕೇಳಿದರೆ ಉತ್ತರವು ಸಾಮಾನ್ಯವಾಗಿ ಚಿತ್ರದ ಹೆಸರಿನಿಂದ ಆರಂಭವಾಗುವುದಿಲ್ಲ. ಮೊದಲು ಒಂದು ನಗೆ, ಅನಂತರ ಒಂದು ಸನ್ನಿವೇಶ, ಆ ಸನ್ನಿವೇಶದಲ್ಲಿ ಅವರು ಕಣ್ಣರಳಿಸಿ ನಿಂತ ಭಂಗಿಯ ಅನುಕರಣೆ. ಕೊನೆಗೆ, ಅಗತ್ಯಬಿದ್ದರೆ ಮಾತ್ರ, ಚಿತ್ರದ ಹೆಸರು. ಆ ಹೆಸರು ಎಷ್ಟೋ ಸಲ ತಪ್ಪಾಗಿರುತ್ತದೆ. ಒಬ್ಬರು ಹೇಳಿದ್ದನ್ನು ಮತ್ತೊಬ್ಬರು ತಿದ್ದುತ್ತಾರೆ. ತಿದ್ದಿದವರು ತಮ್ಮದೊಂದು ಸನ್ನಿವೇಶವನ್ನು ಸೇರಿಸುತ್ತಾರೆ. ಹೀಗೆ ಬೆಳೆಯುವ ಪಟ್ಟಿಯನ್ನು ಅಭಿಮಾನದ ಹರಟೆಯೆಂದು ಬದಿಗೆ ಸರಿಸುವುದು ಸುಲಭ. ಆದರೆ 1979ರಲ್ಲಿ ತೀರಿಕೊಂಡ ನಟರೊಬ್ಬರು ನಾಲ್ಕು ದಶಕಗಳನ್ನು ಮೀರಿ ಜನರ ಬಾಯಲ್ಲಿ ಉಳಿದಿರುವುದು ಬಹುಪಾಲು ಈ ಹರಟೆಯ ಬಲದಿಂದಲೇ ಎಂಬುದನ್ನು ಸಂಶೋಧಕರು ಗಮನಿಸಬೇಕಾಗಿದೆ.

1934ರ ‘ಸತಿ ಸುಲೋಚನ’ದಿಂದ ಎಣಿಸಿಕೊಂಡು ಬರುವ ಕನ್ನಡ ಚಲನಚಿತ್ರ ಚರಿತ್ರೆಯ ಘಟಕ ಚಿತ್ರವೇ ಹೊರತು ದೃಶ್ಯವಲ್ಲ. ಚಿತ್ರಕ್ಕೆ ಒಬ್ಬ ನಿರ್ದೇಶಕ, ಒಬ್ಬ ನಾಯಕ, ಒಂದು ತೆರೆ ಕಂಡ ವರ್ಷ. ಈ ಚೌಕಟ್ಟಿನಲ್ಲಿ ಹಾಸ್ಯನಟನಿಗೆ ದೊರೆಯುವುದು ತಾರಾಗಣದ ಪಟ್ಟಿಯಲ್ಲಿ ಒಂದು ಸ್ಥಾನ. ಅದೂ ಅನೇಕ ವೇಳೆ ‘ಮುಂತಾದವರು’ ಎಂಬ ಉದಾರವಾದ ಪದದೊಳಗೆ ಕರಗಿಹೋಗುತ್ತದೆ. ಅಭಿಮಾನಿಯ ಘಟಕವಾದರೋ ದೃಶ್ಯ. ಚರಿತ್ರಕಾರ ಚಿತ್ರವನ್ನು ಉಳಿಸಿ ದೃಶ್ಯವನ್ನು ಕಳೆಯುತ್ತಾನೆ; ಅಭಿಮಾನಿ ದೃಶ್ಯವನ್ನು ಉಳಿಸಿ ಚಿತ್ರವನ್ನು ಕಳೆಯುತ್ತಾನೆ. ನರಸಿಂಹರಾಜು ಅವರ ಕಲೆಯ ಮಟ್ಟಿಗೆ ಅಭಿಮಾನಿಯ ಅಳತೆಗೋಲೇ ಹೆಚ್ಚು ನಿಜವಾದದ್ದು. ಅದಕ್ಕೆ ಕಾರಣ ಅವರು ಬಂದ ರಂಗಭೂಮಿಯಲ್ಲಿದೆ.

ತಿಪಟೂರಿನಲ್ಲಿ 1923ರಲ್ಲಿ ಜನಿಸಿದ ನರಸಿಂಹರಾಜು ಬಾಲ್ಯದಲ್ಲೇ ವೃತ್ತಿನಾಟಕ ಮಂಡಳಿಗಳನ್ನು ಸೇರಿದರು. ಮುಂದೆ ಗುಬ್ಬಿ ಕಂಪನಿಯ ಗಾಳಿಯಲ್ಲೂ ಪಳಗಿದರು. ಕಂಪನಿ ನಾಟಕದಲ್ಲಿ ಹಾಸ್ಯನಟ ಕಥೆಯ ಅಂಚಿನಲ್ಲಿ ನಿಂತವನಲ್ಲ. ಗುಬ್ಬಿ ವೀರಣ್ಣನವರು ಮಂಡಳಿಯ ಒಡೆಯರಾಗಿದ್ದೂ ‘ಸದಾರಮೆ’ಯ ಕಳ್ಳನ ಪಾತ್ರದಿಂದ ಮನೆಮಾತಾದವರು, ರಾಜಪಾತ್ರವನ್ನು ಬೇರೆಯವರಿಗೆ ಬಿಟ್ಟು ಕಳ್ಳನನ್ನು ತಮಗಿರಿಸಿಕೊಳ್ಳುವುದರಲ್ಲಿ ಆ ರಂಗಭೂಮಿಯ ಮೌಲ್ಯವ್ಯವಸ್ಥೆಯೇ ಕಾಣುತ್ತದೆ. ಮೂಡಲಪಾಯದ ಹನುಮನಾಯಕ, ಯಕ್ಷಗಾನದ ಹಾಸ್ಯಗಾರ ಇವರಂತೆ ಕಂಪನಿಯ ಹಾಸ್ಯಗಾರನಿಗೂ ಕಥೆಯೊಳಗೆ ಮತ್ತು ಹೊರಗೆ ಓಡಾಡುವ ಪರವಾನಗಿ ಇತ್ತು. ಸಭೆ ನಕ್ಕರೆ ಅವನು ದೃಶ್ಯವನ್ನು ಹಿಗ್ಗಿಸಬಹುದು, ನಗದಿದ್ದರೆ ಕುಗ್ಗಿಸಬಹುದು. ಆದ್ದರಿಂದ ಅವನ ಕಲೆಯ ಮೂಲಮಾನ ‘ಪ್ರವೇಶ’. ಬರುವುದು, ಸಭೆಯನ್ನು ತನ್ನ ಕಡೆ ತಿರುಗಿಸಿಕೊಳ್ಳುವುದು, ಕಥೆಯನ್ನು ಅದರ ಪಾಡಿಗೆ ಬಿಟ್ಟು ಹೊರಡುವುದು. ಪ್ರೇಕ್ಷಕನೂ ಅದನ್ನು ಪ್ರವೇಶಗಳ ಲೆಕ್ಕದಲ್ಲಿಯೇ ನೆನಪಿಟ್ಟುಕೊಳ್ಳುತ್ತಿದ್ದ.

ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ (1954) ರಾಜ್‌ಕುಮಾರ್ ಅವರನ್ನು ನಾಯಕನಾಗಿ ತಂದಂತೆಯೇ ನರಸಿಂಹರಾಜು ಅವರನ್ನೂ ಬೆಳ್ಳಿತೆರೆಗೆ ತಂದಿತು. ಅಲ್ಲಿಂದ ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಅವರು 250ಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು. ಎಂದರೆ ವರ್ಷಕ್ಕೆ ಸರಾಸರಿ ಹತ್ತು. ನಿರ್ಮಾಪಕರು ನಾಯಕನಿಗಿಂತ ಮೊದಲು ನರಸಿಂಹರಾಜು ಅವರ ಕಾಲ್‌ಷೀಟ್ ಪಡೆಯುತ್ತಿದ್ದರು ಎಂಬ ಮಾತು ಚಿತ್ರರಂಗದಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಮಾತು ಉತ್ಪ್ರೇಕ್ಷೆಯಿರಬಹುದು, ಆದರೆ ಅಂತಹ ಮಾತು ಹುಟ್ಟಿದ್ದೇ ಒಂದು ಸಾಕ್ಷ್ಯ. ಈ ಸಂಖ್ಯೆಯನ್ನು ಮುಂದಿಟ್ಟುಕೊಂಡರೆ ಅಭಿಮಾನಿಗಳು ಹೆಸರುಗಳನ್ನು ಬೆರೆಸುವುದು ಆಶ್ಚರ್ಯವಲ್ಲ. ಅದೇ ನಾಯಕ, ಎದುರಿಗೆ ಅದೇ ಬಾಲಕೃಷ್ಣ, ಅದೇ ಅರಮನೆಯ ಸೆಟ್ಟು ಅಥವಾ ಅದೇ ಹಳ್ಳಿಮನೆಯ ಜಗಲಿ. ನಡುವೆ ಮದುವೆಯ ಹಂಬಲದ ಹುಡುಗನಾಗಿಯೋ, ಹೆದರುತ್ತಲೇ ಸಾಹಸದ ಮಾತಾಡುವ ಗೆಳೆಯನಾಗಿಯೋ ನರಸಿಂಹರಾಜು. ವಾಸ್ತವವಾಗಿ ಪ್ರೇಕ್ಷಕನ ಪಾಲಿಗೆ ಇವೆಲ್ಲ ಬೇರೆ ಬೇರೆ ಚಿತ್ರಗಳಲ್ಲ. ಕಾಲು ಶತಮಾನ ನಡೆದ ಒಂದೇ ನಾಟಕದ ಬೇರೆ ಬೇರೆ ಪ್ರವೇಶಗಳು.

ಬಾಲಕೃಷ್ಣ ಅವರೊಡನೆ ಇಟ್ಟು ನೋಡಿದಾಗ ಈ ಪ್ರವೇಶಗಳ ಸ್ವಭಾವ ಸ್ಪಷ್ಟವಾಗುತ್ತದೆ. ಬಾಲಕೃಷ್ಣ ಅವರ ಹಾಸ್ಯದ ತಳದಲ್ಲಿ ಕುಟಿಲತೆಯೊಂದು ಸದಾ ಕುದಿಯುತ್ತಿರುತ್ತದೆ. ಒಂದು ಹೆಜ್ಜೆ ಮುಂದಿಟ್ಟರೆ ಅದು ಖಳತನ. ನರಸಿಂಹರಾಜು ಅವರ ಹಾಸ್ಯ ಪೆದ್ದುತನ ಮತ್ತು ಮುಗ್ಧತೆಯ ಕಡೆಗೆ ಒಲಿಯುತ್ತದೆ. ಕೃಶವಾದ ದೇಹ, ಮುಂದೆ ಚಾಚಿದ ಹಲ್ಲು, ಅಗಲವಾಗಿ ತೆರೆದ ಕಣ್ಣು, ಏರುದನಿ: ಇವನ್ನೇ ನಗೆಯ ಸಾಮಗ್ರಿಯಾಗಿ ಬಳಸಿದ ಚಿತ್ರಗಳು ಹೇರಳವಾಗಿವೆ. ಅಭಿಮಾನಿಗಳು ಇದನ್ನು ಸಂಕೋಚವಿಲ್ಲದೆ ಹೇಳುತ್ತಾರೆ, ವಿಮರ್ಶಕರು ಸಂಕೋಚದಿಂದ ಬಿಟ್ಟುಬಿಡುತ್ತಾರೆ. ಬಿಟ್ಟುಬಿಡುವುದು ಸರಿಯಲ್ಲ. ದೇಹದ ಕೊರತೆಯನ್ನು ತೋರಿಸಿ ನಗಿಸುವ ದೃಶ್ಯಗಳಲ್ಲಿ ಹಲವು ಇಂದು ಸಪ್ಪೆಯಾಗಿವೆ, ಕೆಲವು ಇರಿಸುಮುರಿಸು ತರುತ್ತವೆ. ಆದರೆ ಅವರ ಉತ್ತಮ ದೃಶ್ಯಗಳಲ್ಲಿ ನಗು ಹುಟ್ಟುವುದು ಹಲ್ಲಿನಿಂದಲ್ಲ, ಆ ದೇಹದೊಳಗಿನ ಆತ್ಮಗೌರವದಿಂದ. ತಾನು ಯಾರಿಗಿಂತಲೂ ಕಡಿಮೆಯಿಲ್ಲ ಎಂಬ ಗಂಭೀರ ನಂಬಿಕೆಯಿಂದ ನಡೆದುಬರುವ ಸಣ್ಣ ಮನುಷ್ಯನನ್ನು ಅವರು ಎಂದೂ ಹಾಸ್ಯ ಮಾಡಲಿಲ್ಲ, ಅವನಾಗಿ ನಿಂತರು.

ಈ ಸಣ್ಣ ಮನುಷ್ಯನನ್ನು ಕಂಡು ಕೆಲವರು ಅವರನ್ನು ಕನ್ನಡದ ಚಾರ್ಲಿ ಚಾಪ್ಲಿನ್ ಎಂದು ಕರೆದದ್ದುಂಟು. ಹೊಗಳಿಕೆಯಾಗಿ ಇದು ದೊಡ್ಡದು, ವಿಮರ್ಶೆಯಾಗಿ ಉಪಯೋಗವಿಲ್ಲದ್ದು. ಚಾಪ್ಲಿನ್ ತನ್ನ ಚಿತ್ರಗಳನ್ನು ತಾನೇ ಬರೆದು, ನಿರ್ದೇಶಿಸಿ, ಬೇಕೆನಿಸಿದಷ್ಟು ಕಾಲ ತಿದ್ದಬಲ್ಲ ಒಡೆತನ ಹೊಂದಿದ್ದವನು. ನರಸಿಂಹರಾಜು ಬೇರೆಯವರ ಕಥೆಗಳಲ್ಲಿ ಬಾಡಿಗೆಗೆ ಇದ್ದವರು. ಕೊಟ್ಟ ಹತ್ತು ನಿಮಿಷಗಳಲ್ಲಿ ಮನೆಯನ್ನು ತಮ್ಮದಾಗಿಸಿಕೊಳ್ಳುವುದೇ ಅವರ ವಿದ್ಯೆ.

ಆ ವಿದ್ಯೆಯ ಶಿಖರ ‘ಸತ್ಯ ಹರಿಶ್ಚಂದ್ರ’ (1965). ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ ಈ ಚಿತ್ರದಲ್ಲಿ ಅವರು ನಕ್ಷತ್ರಿಕ. ಅಭಿಮಾನಿಗಳು ಸನ್ನಿವೇಶದೊಡನೆ ಚಿತ್ರದ ಹೆಸರನ್ನೂ ತಪ್ಪಿಲ್ಲದೆ ಹೇಳುವ ಪಾತ್ರಗಳಲ್ಲಿ ಇದು ಮುಖ್ಯವಾದುದು. ಇದಕ್ಕೆ ಕಾರಣವನ್ನು ಹುಡುಕುವುದು ಅಗತ್ಯ. ರಾಘವಾಂಕನಿಂದ ಹಿಡಿದು ಕಂಪನಿ ನಾಟಕಗಳವರೆಗೆ ಕನ್ನಡಿಗರು ಕೇಳುತ್ತ ಬಂದ ಕಥೆಯಲ್ಲಿ ನಕ್ಷತ್ರಿಕನು ವಿಶ್ವಾಮಿತ್ರನ ಪರವಾಗಿ ಸಾಲ ವಸೂಲಿಗೆ ಹೊರಟವನು. ರಾಜ್ಯ ಕಳೆದುಕೊಂಡ ರಾಜನ ಬೆನ್ನು ಹತ್ತಿ ದಾರಿಯುದ್ದಕ್ಕೂ ಪೀಡಿಸುವವನು. ಕಾಟ ಕೊಡುವವನನ್ನು ‘ನಕ್ಷತ್ರಿಕ’ ಎಂದು ಬೈಯುವ ರೂಢಿ ಮನೆಮಾತಿನಲ್ಲಿಯೇ ಇದೆ. ಇಂತಹ ಪಾತ್ರವನ್ನು ಕ್ರೂರಿಯಾಗಿ ಅಭಿನಯಿಸಿದರೆ ಅದು ವಿಶ್ವಾಮಿತ್ರನ ನೆರಳಾಗುತ್ತದೆ. ಬರಿಯ ವಿದೂಷಕನಾಗಿ ಅಭಿನಯಿಸಿದರೆ ಹರಿಶ್ಚಂದ್ರನ ಕಷ್ಟ ಹಗುರಾಗುತ್ತದೆ. ನರಸಿಂಹರಾಜು ಎರಡನ್ನೂ ಬಿಟ್ಟು, ತನ್ನ ಕರ್ತವ್ಯವನ್ನು ಶ್ರದ್ಧೆಯಿಂದ ಮಾಡುವ ಶಿಷ್ಯನನ್ನು ಮುಂದೆ ತಂದರು. ಅವನಿಗೆ ರಾಜನ ಮೇಲೆ ದ್ವೇಷವಿಲ್ಲ. ಗುರು ಕಳುಹಿಸಿದ್ದಾರೆ, ಹಣ ಬರಬೇಕು, ಬಿಸಿಲಿನಲ್ಲಿ ತನಗೂ ನಡೆದು ಸಾಕಾಗಿದೆ, ಅಷ್ಟೆ. ಕಛೇರಿಯ ಬಾಗಿಲಲ್ಲಿ, ಸಾಲಗಾರನ ಮನೆಯಂಗಳದಲ್ಲಿ ಸಾಮಾನ್ಯ ಜನ ದಿನವೂ ಎದುರಿಸುವ ವಸೂಲಿಗಾರನೇ ಅವನು.

ಹೀಗಾಗಿ ಪ್ರೇಕ್ಷಕನ ನಗು ಚಿತ್ರದ ನಡುವೆ ತನ್ನ ಗುಣವನ್ನು ಬದಲಿಸಿಕೊಳ್ಳುತ್ತದೆ. ಮೊದಲು ನಕ್ಷತ್ರಿಕನ ರಗಳೆಗೆ ನಕ್ಕ ಸಭೆ, ಹೆಂಡತಿ ಮಕ್ಕಳನ್ನು ಮಾರಬೇಕಾದ ಹೊತ್ತಿಗೆ ಅದೇ ರಗಳೆಗೆ ನಗಲಾರದೆ ಉಳಿಯುತ್ತದೆ. ನಟ ತನ್ನ ರೀತಿಯನ್ನು ಬದಲಿಸಿಲ್ಲ. ಸುತ್ತಲಿನ ಲೋಕ ಬದಲಾಗಿದೆ. ಬೇಕೆಂತಲೇ ಕರುಣೆಯ ಕಡೆಗೆ ಹೊರಳುವ ಹಾಸ್ಯನಟರು ಅನೇಕರಿದ್ದಾರೆ. ಹೊರಳದೆಯೇ ನಗುವನ್ನು ಗಂಟಲಲ್ಲಿ ನಿಲ್ಲಿಸುವವರು ವಿರಳ. ಇದೇ ಚಿತ್ರದಲ್ಲಿ ವೀರಬಾಹುವಾಗಿ ಬರುವ ಎಂ.ಪಿ. ಶಂಕರ್ ಅವರ ಪೈಲ್ವಾನ ದೇಹದ ಅಬ್ಬರದ ನಗೆಗೂ, ನಕ್ಷತ್ರಿಕನ ಕಡ್ಡಿದೇಹದ ಗೊಣಗಾಟಕ್ಕೂ ಇರುವ ಅಂತರವನ್ನು ಗಮನಿಸಿದರೆ, ಒಂದು ದುಃಖದ ಕಥೆಯನ್ನು ಎರಡು ಬಗೆಯ ನಗೆಗಳ ನಡುವೆ ಹಿಡಿದು ನಿಲ್ಲಿಸಿದ ಜಾಣ್ಮೆ ಅರಿವಾಗುತ್ತದೆ. ಇಲ್ಲಿ ಪ್ರವೇಶವೇ ಚಿತ್ರವನ್ನು ಬಾಗಿಸಿದೆ. ಆದ್ದರಿಂದಲೇ ಚಿತ್ರವನ್ನು ಮರೆತು ದೃಶ್ಯವನ್ನು ಮಾತ್ರ ನೆನೆಯಲು ಸಾಧ್ಯವಾಗಿಲ್ಲ.

ಇದಕ್ಕೆ ಎದುರಾಗಿ ‘ಪ್ರೊಫೆಸರ್ ಹುಚ್ಚುರಾಯ’ (1974) ಇದೆ. ನರಸಿಂಹರಾಜು ತಾವೇ ನಿರ್ಮಿಸಿ, ಮುಖ್ಯಪಾತ್ರ ವಹಿಸಿದ ಚಿತ್ರವಿದು. ಬಾಡಿಗೆದಾರ ಕೊನೆಗೂ ಕಟ್ಟಿಕೊಂಡ ಸ್ವಂತ ಮನೆ. ಅಭಿಮಾನಿಗಳು ಇದನ್ನು ಗೌರವದಿಂದ ಹೆಸರಿಸುತ್ತಾರೆ. ಆದರೆ ಹೆಸರಿಸಿದ ಮೇಲೆ ಮಾತು ಮತ್ತೆ ಹಳೆಯ ದೃಶ್ಯಗಳಿಗೇ ಹೊರಳುತ್ತದೆ. ಹೆಸರು ಮೊದಲು ಬಂದು ಅನುಕರಣೆ ಹಿಂದೆ ಉಳಿಯುವ ಈ ಒಂದು ಪ್ರಸಂಗ ಅರ್ಥಪೂರ್ಣ. ಸನ್ನಿವೇಶಗಳಲ್ಲಿ ಪಳಗಿದ ಕಲೆಗೆ ಪೂರ್ಣ ಚಿತ್ರದ ಉದ್ದ ಬೇರೆಯೇ ಉಸಿರನ್ನು ಬೇಡುತ್ತದೆ. ಮುಂದಿನ ತಲೆಮಾರಿನ ದ್ವಾರಕೀಶ್ (1942–2024) ಈ ತೊಡಕನ್ನು ಮೊದಲೇ ಗುರುತಿಸಿದವರಂತೆ ಕಾಣುತ್ತಾರೆ. ‘ಮೇಯರ್ ಮುತ್ತಣ್ಣ’ (1969) ಚಿತ್ರದ ಕಾಲದಿಂದ ನಿರ್ಮಾಪಕರಾಗಿ, ತಮ್ಮ ಕುಳ್ಳತನವನ್ನೇ ಚಿತ್ರಗಳ ಶೀರ್ಷಿಕೆಗೆ ಏರಿಸಿ ಅವರು ಬೆಳೆದರು. ಅವರ ಅಭಿಮಾನಿಗಳು ‘ಕುಳ್ಳ ಏಜೆಂಟ್ 000’, ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’, ‘ಗುರು ಶಿಷ್ಯರು’ ಎಂದು ಹೆಸರುಗಳನ್ನೇ ಮೊದಲು ಹೇಳುತ್ತಾರೆ. ನರಸಿಂಹರಾಜು ಅವರ ಅಭಿಮಾನಿಗಳಿಗೆ ಆ ಅನುಕೂಲವಿಲ್ಲ. ಕಲೆಯಲ್ಲಿ ಯಾರು ಹೆಚ್ಚು ಎಂಬ ವಾದವಲ್ಲ ಇದು. ಒಡೆತನ ಬದಲಾದಾಗ ನೆನಪಿನ ಆಕಾರವೂ ಬದಲಾಗುತ್ತದೆ.

ಒಡೆತನದ ಮಾತು ಬಂದಾಗ ಅಭಿಮಾನಿಗಳ ಪಟ್ಟಿಯಲ್ಲಿ ವಿರಳವಾಗಿ ಕಾಣುವ ಇನ್ನೊಂದು ಸಂಗತಿಯನ್ನು ಹೇಳಬೇಕು. ‘ರಣಧೀರ ಕಂಠೀರವ’ (1960) ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಮತ್ತು ನರಸಿಂಹರಾಜು ಒಟ್ಟುಗೂಡಿ ನಿರ್ಮಿಸಿದ ಚಿತ್ರ. ಕನ್ನಡ ಚಿತ್ರಗಳಿಗೆ ಬಂಡವಾಳ ಹೂಡುವವರು ಕಡಿಮೆಯಾಗಿದ್ದ ದಿನಗಳಲ್ಲಿ ಕಲಾವಿದರು ಸಂಘ ಕಟ್ಟಿ, ಊರೂರು ತಿರುಗಿ ನಾಟಕವಾಡಿ ಈ ಕೆಲಸಕ್ಕೆ ಇಳಿದರು. ಆ ನಾಲ್ವರಲ್ಲಿ ಇಬ್ಬರು ಹಾಸ್ಯನಟರೆಂದು ಹೆಸರಾದವರು. ಚಿತ್ರವನ್ನು ನಾಯಕನ ಹೆಸರಿನಲ್ಲಿ ಮಾತ್ರ ನೆನೆಯುವ ಚರಿತ್ರೆ ಇದನ್ನು ಅಡಿಟಿಪ್ಪಣಿಗೆ ತಳ್ಳುತ್ತದೆ. ನಗೆಯನ್ನು ಮಾತ್ರ ನೆನೆಯುವ ಅಭಿಮಾನಿಗೆ ಇದು ಹೊಳೆಯುವುದೇ ಇಲ್ಲ. ಉದ್ಯಮ ಕಟ್ಟಿದ ದುಡಿಮೆ ಎರಡೂ ಕಡೆಯಿಂದ ಜಾರಿಹೋಗಿದೆ.

ಅಭಿಮಾನಿಗಳ ನೆನಪಿಗೂ ಒಂದು ಇತಿಹಾಸವಿದೆ. ಟೂರಿಂಗ್ ಟಾಕೀಸಿನ ಕಾಲದಲ್ಲಿ ಚಿತ್ರ ಊರು ಬಿಟ್ಟ ಮೇಲೆ ಉಳಿಯುತ್ತಿದ್ದುದು ಬಾಯಿಮಾತು, ಅನುಕರಣೆಯೇ ಮರುಪ್ರದರ್ಶನ. ದೂರದರ್ಶನ ಕನ್ನಡ ಚಿತ್ರಗಳನ್ನು ಮನೆಗೆ ತಂದಾಗ ಅಜ್ಜ ಹೇಳಿದ್ದ ದೃಶ್ಯವನ್ನು ಮೊಮ್ಮಗ ಇಡೀ ಚಿತ್ರದೊಡನೆ ನೋಡುವಂತಾಯಿತು. ಆಮೇಲೆ ಬಂದ ಉಪಗ್ರಹ ವಾಹಿನಿಗಳು, ಅದರಲ್ಲೂ ಹಾಸ್ಯಕ್ಕೆಂದೇ ಮೀಸಲಾದ ವಾಹಿನಿ, ದೃಶ್ಯವನ್ನು ಮತ್ತೆ ಕತ್ತರಿಸಿ ಬಡಿಸಿದವು. ಮೇಲುನೋಟಕ್ಕೆ ಇದು ಅಭಿಮಾನಿಯ ರೀತಿಯೇ. ಆದರೆ ಬಾಯಲ್ಲಿ ಹೇಳುವವನು ದೃಶ್ಯಕ್ಕೆ ಮೊದಲು ‘ಪಾಪ, ಅಲ್ಲಿ ರಾಜ ಕಂಗಾಲಾಗಿ ನಿಂತಿರುತ್ತಾನೆ’ ಎಂದು ಎರಡು ಮಾತು ಸೇರಿಸುತ್ತಾನೆ. ಕತ್ತರಿಗೆ ಆ ವ್ಯವಧಾನವಿಲ್ಲ. ನಕ್ಷತ್ರಿಕನ ರಗಳೆಯನ್ನಷ್ಟೇ ಕತ್ತರಿಸಿ ತೋರಿಸಿದಾಗ ಉಳಿಯುವುದು ಗೊಣಗುವ ಮನುಷ್ಯ ಮಾತ್ರ. ನಗು ನಿಂತುಹೋಗುವ ಆ ಗಳಿಗೆ ಕತ್ತರಿಯ ಆಚೆ ಉಳಿದುಬಿಡುತ್ತದೆ.

ಗ್ರಂಥಾಲಯ ಮತ್ತು ಚಿತ್ರಭಂಡಾರಗಳ ಸೂಚಿಗಳು ಚಿತ್ರ, ನಿರ್ದೇಶಕ, ವರ್ಷ ಇವುಗಳ ಅನುಕ್ರಮದಲ್ಲಿ ಸಿದ್ಧವಾಗುವುದು ವಾಡಿಕೆ. ನರಸಿಂಹರಾಜು ಅವರಂತಹ ನಟರಿಗಾಗಿ ಪಾತ್ರ ಮತ್ತು ದೃಶ್ಯದ ವಿವರಗಳನ್ನೊಳಗೊಂಡ ಸೂಚಿಯೊಂದನ್ನು ಸಿದ್ಧಪಡಿಸುವುದಾದರೆ, ಅದಕ್ಕೆ ಮೊದಲ ಆಕರ ಹಿರಿಯ ಪ್ರೇಕ್ಷಕರ ಈ ತಪ್ಪುತಡೆಗಳ ಪಟ್ಟಿಗಳೇ. ಆ ಚಿತ್ರಗಳನ್ನು ಮೊದಲ ಬಿಡುಗಡೆಯಲ್ಲಿ ನೋಡಿದವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣ ತುಂಬಿಕೊಂಡು ಮತ್ತೆ ತೆರೆಗೆ ಬಂದಿತು. ಬಣ್ಣದ ನಕ್ಷತ್ರಿಕನನ್ನು ಕಂಡ ಕಿರಿಯರಿಗೆ ಅವನು ಒಬ್ಬ ಹಳೆಯ ಹಾಸ್ಯಪಾತ್ರ. ಪಕ್ಕದಲ್ಲಿ ಕುಳಿತ ಹಿರಿಯರಿಗೆ ಮುಂದಿನ ಮಾತು ಏನೆಂದು ತೆರೆಗಿಂತ ಮೊದಲೇ ಗೊತ್ತು.