ತಡವಾಗಿ ಬರುವ ದನಿ: ದಿ ಕ್ಯೂರ್ ತಂಡದ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’

ಇಂಗ್ಲೆಂಡಿನ ದಿ ಕ್ಯೂರ್ ತಂಡದ ಹದಿನಾಲ್ಕನೆಯ ಸ್ಟುಡಿಯೋ ಆಲ್ಬಂ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ 2024ರ ನವೆಂಬರ್ 1ರಂದು ಬಿಡುಗಡೆಯಾದಾಗ, ಅದರ ಹಿಂದಿನ ಆಲ್ಬಂ ‘4:13 ಡ್ರೀಮ್’ ಹೊರಬಂದು ಹದಿನಾರು ವರ್ಷಗಳಾಗಿದ್ದವು. ಹೊಸ ಆಲ್ಬಂ ಬಂದ ವಾರವೇ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1992ರ ‘ವಿಶ್’ ಆಲ್ಬಮ್ಮಿನ ಬಳಿಕ ಆ ಸ್ಥಾನ ಈ ತಂಡಕ್ಕೆ ದಕ್ಕಿದ್ದು ಇದೇ ಮೊದಲು. ಇಷ್ಟು ದೀರ್ಘವಾದ ಬಿಡುವಿನ ನಂತರ ಬರುವ ಕೃತಿಗೆ ಸಿಗುವ ಸ್ವಾಗತದಲ್ಲಿ ಕಾದು ಕುಳಿತವರ ಸಂತೋಷವೂ ಸೇರಿಕೊಂಡಿರುವುದರಿಂದ, ಕೃತಿಯ ಗುಣವನ್ನು ಆ ಸಂತೋಷದಿಂದ ಬಿಡಿಸಿ ನೋಡುವ ಕೆಲಸ ವಿಮರ್ಶೆಯ ಪಾಲಿಗೆ ಉಳಿಯುತ್ತದೆ. ಹಾಗೆ ನೋಡಿದಾಗ ಸ್ಪಷ್ಟವಾಗುವ ಸಂಗತಿಯೆಂದರೆ, ಈ ಆಲ್ಬಂ ಹಾಡುಗಾರನ ದನಿಯನ್ನು ತಡೆದು, ವಾದ್ಯಗಳಿಗೆ ಮೊದಲು ದಾರಿ ಬಿಟ್ಟುಕೊಟ್ಟ ಕಡೆಗಳಲ್ಲೆಲ್ಲ ಅಪೂರ್ವವಾದ ಎತ್ತರವನ್ನು ಮುಟ್ಟುತ್ತದೆ. ಅವಸರಕ್ಕೆ ಬಿದ್ದ ಕಡೆ ಸಾಧಾರಣವಾಗುತ್ತದೆ.

1976–77ರ ಸುಮಾರಿಗೆ ಬ್ರಿಟನ್ನಿನಲ್ಲಿ ಹುಟ್ಟಿದ ಪಂಕ್ ಸಂಗೀತವು ಮೂರೇ ಕಾರ್ಡುಗಳಲ್ಲಿ, ಅಂದರೆ ಏಕಕಾಲಕ್ಕೆ ನುಡಿಸುವ ಸ್ವರಗಳ ಮೂರೇ ಗುಂಪುಗಳಲ್ಲಿ, ವೇಗವಾಗಿ ಮತ್ತು ಸಿಟ್ಟಿನಿಂದ ಹೇಳಬೇಕಾದುದನ್ನು ಹೇಳಿ ಮುಗಿಸುತ್ತಿತ್ತು. ಅದರ ಬೆನ್ನಿಗೇ ಬಂದ ಪೋಸ್ಟ್-ಪಂಕ್ ಪೀಳಿಗೆಯು ಪಂಕ್‌ನ ಸರಳತೆಯನ್ನೂ ಸ್ವಾವಲಂಬನೆಯನ್ನೂ ಉಳಿಸಿಕೊಂಡು ವೇಗವನ್ನು ಕೈಬಿಟ್ಟಿತು, ಬೇಸ್ ಗಿಟಾರನ್ನು ಹಿನ್ನೆಲೆಯಿಂದ ಮುಂದಕ್ಕೆ ತಂದಿತು, ಸಿಟ್ಟಿನ ಜಾಗದಲ್ಲಿ ಕಳವಳ, ಏಕಾಂತ, ಅಪನಂಬಿಕೆಗಳನ್ನು ತಂದು ನಿಲ್ಲಿಸಿತು. ಮ್ಯಾಂಚೆಸ್ಟರಿನ ಜಾಯ್ ಡಿವಿಷನ್, ಲೀಡ್ಸ್ ನಗರದ ಗ್ಯಾಂಗ್ ಆಫ್ ಫೋರ್, ಲಂಡನ್ನಿನ ವೈರ್ ಮತ್ತು ಸೂಕ್ಸಿ ಅಂಡ್ ದಿ ಬ್ಯಾನ್‌ಶೀಸ್ ಈ ಪೀಳಿಗೆಯವು. ಸಸೆಕ್ಸ್ ಪ್ರಾಂತ್ಯದ ಕ್ರಾಲಿ ಎಂಬ ಊರಿನ ಹುಡುಗರು ಕಟ್ಟಿದ ದಿ ಕ್ಯೂರ್ 1979ರಲ್ಲಿ ಮೊದಲ ಆಲ್ಬಂ ತಂದು, 1980ರಿಂದ 1982ರವರೆಗೆ ಒಂದರ ಹಿಂದೆ ಒಂದರಂತೆ ಹೊರತಂದ ‘ಸೆವೆಂಟೀನ್ ಸೆಕೆಂಡ್ಸ್’, ‘ಫೇತ್’, ‘ಪೋರ್ನಾಗ್ರಫಿ’ಗಳಲ್ಲಿ ಈ ಶೈಲಿಯನ್ನು ಅದರ ಅತ್ಯಂತ ಕತ್ತಲೆಯ ಮೂಲೆಯವರೆಗೆ ಒಯ್ದಿತು. ಮುಂದೆ ಜನಪ್ರಿಯವಾದ ಹಗುರ ಹಾಡುಗಳನ್ನೂ ಈ ತಂಡ ಧಾರಾಳವಾಗಿ ಕೊಟ್ಟಿತಾದರೂ, 1989ರ ‘ಡಿಸಿಂಟಿಗ್ರೇಷನ್’ ಅದರ ಗಂಭೀರ ಮುಖದ ಶ್ರೇಷ್ಠ ಕೃತಿಯೆಂದು ಗಣ್ಯವಾಗಿದೆ. ಹೊಸ ಆಲ್ಬಮ್ಮನ್ನು ತೂಗಬೇಕಾದದ್ದು ಆ ಕೃತಿಯ ಎದುರಿಗೇ.

ಹದಿನಾರು ವರ್ಷಗಳ ಅಂತರವನ್ನು ಮೌನವೆಂದು ಕರೆಯುವುದು ಪೂರ್ತಿ ಸರಿಯಲ್ಲ. ಈ ಅವಧಿಯಲ್ಲಿ ತಂಡವು ನಿರಂತರವಾಗಿ ವೇದಿಕೆಯ ಮೇಲಿತ್ತು. 2018ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಲವತ್ತು ವರ್ಷಗಳ ಸಂಭ್ರಮವನ್ನು ಆಚರಿಸಿತು. 2019ರಲ್ಲಿ ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ಈ ಹಾಡುಗಳ ಧ್ವನಿಮುದ್ರಣ ನಡೆಯಿತು. ಮುದ್ರಣವಾದ ಮೇಲೂ ಆಲ್ಬಂ ಐದು ವರ್ಷ ಹೊರಬರಲಿಲ್ಲ. ಅದರ ಬದಲು 2022ರ ಅಕ್ಟೋಬರಿನಲ್ಲಿ ಲಾಟ್ವಿಯಾದ ರೀಗಾ ನಗರದಿಂದ ಆರಂಭವಾದ ಪ್ರವಾಸದಲ್ಲಿ ಹಲವು ಹೊಸ ಹಾಡುಗಳು ಕೇಳುಗರ ಮುಂದೆ ಬಂದವು. ಕಾರ್ಯಕ್ರಮದ ಮೊದಲ ಹಾಡು ‘ಅಲೋನ್’, ಮುಖ್ಯ ಭಾಗದ ಕೊನೆಯ ಹಾಡು ‘ಎಂಡ್‌ಸಾಂಗ್’ ಎಂಬ ಕ್ರಮ ಆಗಲೇ ನೆಲೆಗೊಂಡಿತ್ತು. ಆಲ್ಬಮ್ಮಿನಲ್ಲೂ ಮೊದಲನೆಯದು ಅದೇ, ಕೊನೆಯದೂ ಅದೇ. ಹೀಗೆ ನೂರಾರು ಸಾವಿರ ಜನರ ಎದುರು ಹಾಡಿಸಿಕೊಂಡು ಬಂದ ಹಾಡುಗಳಿಗೆ ಮೊದಲ ಮುದ್ರಣಗಳಲ್ಲಿ ಸಾಮಾನ್ಯವಾಗಿ ಕಾಣದ ನಿಲುವೊಂದು ಒದಗಿದೆ. ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ತಂಡವು ಸಭೆಯ ಉಸಿರಿನಿಂದ ಕಲಿತಂತೆ ಕೇಳಿಸುತ್ತದೆ. ಎಂಟೂ ಹಾಡುಗಳ ರಚನೆ ಗಾಯಕ, ಗಿಟಾರ್ ವಾದಕ ರಾಬರ್ಟ್ ಸ್ಮಿತ್ ಒಬ್ಬರದೇ ಆಗಿರುವುದು, 1985ರ ‘ದಿ ಹೆಡ್ ಆನ್ ದಿ ಡೋರ್’ ನಂತರ ಇದೇ ಮೊದಲು. ‘4:13 ಡ್ರೀಮ್’ ಹದಿಮೂರು ಹಾಡುಗಳಲ್ಲಿ ಹತ್ತಾರು ದಿಕ್ಕಿಗೆ ಚದುರಿಹೋಗಿದ್ದರೆ, ಇಲ್ಲಿ ಎಂಟು ಹಾಡುಗಳು ಸುಮಾರು 49 ನಿಮಿಷಗಳಲ್ಲಿ ಒಂದೇ ವಸ್ತುವಿನ ಸುತ್ತ ನಿಂತಿರುವುದಕ್ಕೆ ಈ ಏಕಕರ್ತೃತ್ವವೂ ಒಂದು ಕಾರಣ. ಆ ವಸ್ತು ಸಾವು: ಸ್ಮಿತ್ ಅವರ ತಂದೆ, ತಾಯಿ, ಅಣ್ಣ ಈ ವರ್ಷಗಳಲ್ಲೇ ತೀರಿಕೊಂಡರು.

‘ಅಲೋನ್’ ಹಾಡನ್ನು ಹತ್ತಿರದಿಂದ ನೋಡಿದರೆ ಆಲ್ಬಮ್ಮಿನ ಇಡೀ ವಿಧಾನ ತಿಳಿಯುತ್ತದೆ. ಏಳು ನಿಮಿಷಕ್ಕೆ ತುಸು ಕಡಿಮೆಯ ಈ ಹಾಡಿನಲ್ಲಿ ಮೊದಲ ಮೂರು ನಿಮಿಷಕ್ಕೂ ಹೆಚ್ಚು ಕಾಲ ಮಾತೇ ಇಲ್ಲ. ಜೇಸನ್ ಕೂಪರ್ ಅವರ ಡ್ರಮ್ಸ್ ಹೆಜ್ಜೆ ಎತ್ತಿಡಲು ಕಷ್ಟಪಡುವವರ ನಡೆಯಲ್ಲಿ ಸಾಗುತ್ತದೆ. ಸೈಮನ್ ಗ್ಯಾಲಪ್ ಅವರ ಬೇಸ್ ಗಿಟಾರ್ ತುಸು ಒಡಕು ದನಿಯಲ್ಲಿ ಕೆಳಗಿನ ಸ್ವರಗಳನ್ನು ಹಿಡಿದು ನಿಲ್ಲುತ್ತದೆ. ರೋಜರ್ ಓಡಾನಲ್ ಅವರ ಕೀಬೋರ್ಡಿನಿಂದ ತಂತಿವಾದ್ಯಗಳ ಮೇಳದಂಥ ನಾದ ಪದರಪದರವಾಗಿ ಮೇಲೇಳುತ್ತದೆ. ಅದೇ ಕಾರ್ಡುಗಳ ಆವರ್ತ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಒಂದು ಎಳೆ ಹೆಚ್ಚಾಗುತ್ತದೆ, ಆದರೆ ಎಲ್ಲಿಯೂ ಸ್ಫೋಟವಾಗುವುದಿಲ್ಲ. ಕನ್ನಡದ ಕೇಳುಗರಿಗೆ ಇದು ಹಿಂದೂಸ್ತಾನಿ ಕಛೇರಿಯ ಆಲಾಪವನ್ನು ನೆನಪಿಸಬಹುದು; ಆದರೆ ಆಲಾಪವು ತಾಳವಿಲ್ಲದೆ ರಾಗವನ್ನು ಸ್ವರಸ್ವರವಾಗಿ ಬಿಡಿಸುತ್ತ ಹೋದರೆ, ಇಲ್ಲಿನ ಪೀಠಿಕೆಯು ತಾಳವನ್ನು ಹಿಡಿದುಕೊಂಡು, ಬಿಡಿಸುವುದನ್ನೇ ನಿರಾಕರಿಸಿ, ಒಂದೇ ಸ್ಥಿತಿಯಲ್ಲಿ ಕೇಳುಗರನ್ನು ಕೂರಿಸುತ್ತದೆ. ಅನ್ವೇಷಣೆಗಾಗಿ ಕಾಯಿಸುವ ಬಗೆ ಇದಲ್ಲ. ದುಃಖದ ಮನೆಯಲ್ಲಿ ಯಾರೂ ಮೊದಲು ಮಾತಾಡಲಾರದ ಹೊತ್ತನ್ನು ಸಂಗೀತವಾಗಿ ಕಟ್ಟುವ ಬಗೆ. ದನಿ ಬಂದಾಗ ಅದು ಆರಂಭಿಸುವುದು ಮುಕ್ತಾಯದ ಮಾತಿನಿಂದ, ಹಾಡುಗಳೆಲ್ಲ ಕೊನೆಯಾಗುವ ವಿಚಾರದಿಂದ.

ಈ ಹಾಡಿಗೆ ಪ್ರೇರಣೆಯಾದದ್ದು ಅರ್ನೆಸ್ಟ್ ಡೌಸನ್ ಬರೆದ ‘ಡ್ರೆಗ್ಸ್’ ಎಂಬ ಕವಿತೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಇಂಗ್ಲಿಷ್ ಡೆಕಡೆಂಟ್ ಕವಿಗಳಲ್ಲಿ, ಅಂದರೆ ಸೌಂದರ್ಯವನ್ನು ಕ್ಷಯದಲ್ಲಿ ಕಂಡ ಕವಿಗಳಲ್ಲಿ, ಒಬ್ಬನಾದ ಡೌಸನ್ 1900ರಲ್ಲಿ, ಕೇವಲ ಮೂವತ್ತೆರಡರ ವಯಸ್ಸಿನಲ್ಲಿ ತೀರಿಕೊಂಡ. ಬಟ್ಟಲಿನ ತಳದಲ್ಲಿ ಉಳಿದ ಗಸಿಯ ಬಗ್ಗೆ ಬರೆದಾತ ಮುಪ್ಪನ್ನು ಕಾಣಲೇ ಇಲ್ಲ. ಸ್ಮಿತ್ ಅವರ ಹಿಂದಿನ ಕೃತಿಗಳಿಗೂ ಇದೇ ಮಾತು ಸಲ್ಲುತ್ತದೆ: ‘ಪೋರ್ನಾಗ್ರಫಿ’ ಬಂದಾಗ ಅವರಿಗೆ ಇಪ್ಪತ್ಮೂರು, ಮೂವತ್ತು ತುಂಬುವ ಅಂಜಿಕೆಯಲ್ಲಿ ಹುಟ್ಟಿದ್ದು ‘ಡಿಸಿಂಟಿಗ್ರೇಷನ್’. ಆ ಆಲ್ಬಮ್ಮುಗಳ ಸಾವು ಕಲ್ಪನೆಯ ಸಾವು, ಮುಂದೆಂದೋ ಬರಲಿರುವುದನ್ನು ಯೌವನದ ತೀವ್ರತೆಯಿಂದ ಹತ್ತಿರಕ್ಕೆ ಎಳೆದುಕೊಂಡದ್ದು. ಹೊಸ ಆಲ್ಬಂ ಬಂದಾಗ ಸ್ಮಿತ್ ಅವರಿಗೆ ಅರವತ್ತೈದು. ತರುಣ ಕವಿಯ ಊಹೆಯನ್ನು ವಯಸ್ಸಾದ ಹಾಡುಗಾರ ಅನುಭವದಿಂದ ಮರುಬರೆದಿರುವುದರಿಂದ, ಹಳೆಯ ಹಾಡುಗಳಲ್ಲಿ ಒಮ್ಮೊಮ್ಮೆ ಭಂಗಿಯಾಗಿ ತೋರುತ್ತಿದ್ದ ವಿಷಾದವು ಇಲ್ಲಿ ಸ್ಥಿತಿಯಾಗಿ ನೆಲೆಸಿದೆ.

ಅಣ್ಣನ ಸಾವಿನ ಕುರಿತಾದ ‘ಐ ಕ್ಯಾನ್ ನೆವರ್ ಸೇ ಗುಡ್‌ಬೈ’ ಆಲ್ಬಮ್ಮಿನ ಹೃದಯಭಾಗ. ಗುಡುಗಿನ ಸದ್ದು, ಅದರ ಮೇಲೆ ಪಿಯಾನೋದಲ್ಲಿ ಕೆಲವೇ ಸ್ವರಗಳ ಒಂದು ಸಣ್ಣ ತುಣುಕು. ಮಕ್ಕಳೂ ನುಡಿಸಬಹುದಾದಷ್ಟು ಸರಳವಾದ ಆ ತುಣುಕು ಆರು ನಿಮಿಷಗಳ ಉದ್ದಕ್ಕೂ ಬದಲಾಗದೆ ತಿರುಗುತ್ತಿರುತ್ತದೆ, ಅದರ ಸುತ್ತ ಉಳಿದೆಲ್ಲ ಬದಲಾಗುತ್ತದೆ. ಶೋಕಗೀತೆ ಎಂಬ ಪ್ರಕಾರದ ದೊಡ್ಡ ಅಪಾಯವೆಂದರೆ ಸತ್ತವರ ಬಗೆಗಿನ ಮಾತು ಅಲಂಕಾರವಾಗಿಬಿಡುವುದು. ಸ್ಮಿತ್ ಆ ಅಪಾಯವನ್ನು ದಾಟುವುದು ಕುತೂಹಲಕರ ರೀತಿಯಲ್ಲಿ: ಅಣ್ಣನ ಗುಣಗಾನವಾಗಲಿ, ಬಾಲ್ಯದ ನೆನಪುಗಳಾಗಲಿ ಇಲ್ಲಿ ಇಲ್ಲ, ಅತ್ಯಂತ ಖಾಸಗಿಯಾದ ಈ ಗಳಿಗೆಗೆ ಅವರು ಬಳಸುವುದು ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಮಾಟಗಾತಿಯ ಮಾತೊಂದನ್ನು. ಸ್ವಂತ ನಷ್ಟಕ್ಕೆ ಸ್ವಂತ ಮಾತು ಸಿಗದ ಹೊತ್ತಿನಲ್ಲಿ ಎಲ್ಲರಿಗೂ ಗೊತ್ತಿರುವ ಹಳೆಯ ಮಾತಿನ ಕಡೆಗೆ ಬಾಯಿ ತಾನಾಗಿ ಹೋಗುವುದು ಸಹಜ, ಮತ್ತು ಹಾಡು ಆ ಸಹಜತೆಯನ್ನು ತಿದ್ದದೆ ಉಳಿಸಿಕೊಂಡಿದೆ. ಇದು ಈ ಆಲ್ಬಮ್ಮಿನ ಅತ್ಯಂತ ಧೈರ್ಯದ ಆಯ್ಕೆ.

ಸಾಯುವ ಹೊತ್ತಿನಲ್ಲಿ ಬಳಿಯಲ್ಲಿರುವೆನೆಂದು ಕೊಟ್ಟ ಮಾತನ್ನು ನಡೆಸಲಾಗದ ನೋವಿನಿಂದ ಹುಟ್ಟಿದ ‘ಅಂಡ್ ನಥಿಂಗ್ ಈಸ್ ಫಾರೆವರ್’ ಕೂಡ ಇದೇ ದೀರ್ಘ ಪೀಠಿಕೆಯ ವಿಧಾನವನ್ನು ಅನುಸರಿಸಿ, ಆದರೆ ಹೆಚ್ಚು ಬೆಳಕಿನ ನಾದದಲ್ಲಿ ಗೆಲ್ಲುತ್ತದೆ. ‘ಎ ಫ್ರಜೈಲ್ ಥಿಂಗ್’ ಚಿಕ್ಕದು, ಚೊಕ್ಕವಾದದ್ದು. ಗ್ಯಾಲಪ್ ಅವರ ಬೇಸ್ ಗಿಟಾರ್ ರಾಗವನ್ನೇ ಹೊತ್ತು ನಡೆಯುವ ಪೋಸ್ಟ್-ಪಂಕ್ ಪದ್ಧತಿಗೆ ಒಳ್ಳೆಯ ಉದಾಹರಣೆ.

ಆಲ್ಬಮ್ಮಿನ ನಡುವಿನಲ್ಲಿ ಕಟ್ಟಡ ಸಡಿಲವಾಗುತ್ತದೆ. ‘ವಾರ್‌ಸಾಂಗ್’ ಹಾರ್ಮೋನಿಯಂ ನೆನಪಿಸುವ ಎಳೆದ ಸ್ವರದಿಂದ ಚೆನ್ನಾಗಿ ತೊಡಗಿದರೂ, ಮನುಷ್ಯರ ನಡುವಿನ ಜಗಳವನ್ನು ಯುದ್ಧವೆಂದು ಕರೆದುದರ ಆಚೆಗೆ ಅದರ ಸಾಹಿತ್ಯ ಬೆಳೆಯುವುದಿಲ್ಲ. ‘ಡ್ರೋನ್:ನೋಡ್ರೋನ್’ ಹುಟ್ಟಿದ್ದು ಸ್ಮಿತ್ ಅವರ ಮನೆಯ ತೋಟದ ಮೇಲೆ ಕ್ಯಾಮೆರಾ ಹೊತ್ತ ಡ್ರೋನ್ ಹಾರಿಬಂದ ಪ್ರಸಂಗದಿಂದ. ಖಾಸಗಿತನದ ಮೇಲಿನ ದಾಳಿ ಎಂಬ ವಸ್ತು ಗಂಭೀರವಾದದ್ದೇ ಆದರೂ, ಹಿಂದೆ ಮುಂದೆ ನಿಂತ ಹಾಡುಗಳ ನಷ್ಟದ ಎದುರಿನಲ್ಲಿ ಈ ಕಿರಿಕಿರಿ ಚಿಕ್ಕದಾಗಿ ಕಾಣುತ್ತದೆ. ಡೇವಿಡ್ ಬೋವಿ ಜೊತೆ ಹಲವು ವರ್ಷ ಕೆಲಸ ಮಾಡಿದ ರೀವ್ಸ್ ಗೇಬ್ರಲ್ಸ್ ಅವರ ಗಿಟಾರ್ ಈ ಎರಡೂ ಹಾಡುಗಳಲ್ಲಿ ವಾ-ವಾ ಪೆಡಲ್ ತುಳಿದು, ಅಂದರೆ ಸ್ವರದ ಬಾಯಿ ತೆರೆದು ಮುಚ್ಚಿದಂಥ ಪರಿಣಾಮವನ್ನು ಬಳಸಿ, ಉದ್ದಕ್ಕೂ ಕೂಗುತ್ತದೆ. ಅವರ ಕೌಶಲದ ಬಗ್ಗೆ ಎರಡು ಮಾತಿಲ್ಲ, ಆದರೆ ಉಳಿದ ಹಾಡುಗಳ ಸಂಯಮಕ್ಕೆ ಒಗ್ಗಿದ ಕಿವಿಗೆ ಇದು ತುಂಬಿ ಚೆಲ್ಲಿದಂತಾಗುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಮಿಕ್ಸಿಂಗಿನದು, ಅಂದರೆ ಬೇರೆ ಬೇರೆಯಾಗಿ ಮುದ್ರಿಸಿದ ವಾದ್ಯಗಳನ್ನು ಒಂದಾಗಿ ಹೊಂದಿಸುವ ಕೆಲಸದ್ದು. ಸ್ಮಿತ್ ಮತ್ತು ಪಾಲ್ ಕಾರ್ಕೆಟ್ ನಿರ್ಮಿಸಿದ ಈ ಆಲ್ಬಮ್ಮಿನಲ್ಲಿ ಎಲ್ಲ ವಾದ್ಯಗಳೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಒತ್ತೊತ್ತಾಗಿ ನಿಂತಿವೆ. ಮೆಲ್ಲನೆಯ ಸದ್ದನ್ನು ಮೇಲೆತ್ತಿ, ಜೋರಾದುದನ್ನು ಅದುಮಿ ಸಮಮಾಡುವ ಕಂಪ್ರೆಷನ್ ಎಂಬ ತಂತ್ರವನ್ನು ಧಾರಾಳವಾಗಿ ಬಳಸಿರುವಂತೆ ತೋರುವುದರಿಂದ, ಡ್ರಮ್ಸಿನ ಪೆಟ್ಟಿಗೂ ಅದರ ಹಿಂದಿನ ನಾದಕ್ಕೂ ನಡುವೆ ಇರಬೇಕಾದ ಗಾಳಿ ಕಡಿಮೆಯಾಗಿದೆ. ‘ಡಿಸಿಂಟಿಗ್ರೇಷನ್’ನಲ್ಲಿ ಪದರಗಳು ಎಷ್ಟೇ ದಟ್ಟವಾಗಿದ್ದರೂ ಪ್ರತಿಯೊಂದರ ಆಚೆಗೆ ಇನ್ನೊಂದು ಕೋಣೆ ಇದ್ದಂತೆ ಕೇಳುತ್ತಿತ್ತು. ಹೊಸ ಆಲ್ಬಮ್ಮಿನ ಹಾಡುಗಳು ಅದಕ್ಕೆ ಸರಿಸಮವಾಗಿ ನಿಲ್ಲಬಲ್ಲವಾದರೂ, ಧ್ವನಿಮುದ್ರಿಕೆಯಾಗಿ ಅದರ ಮಟ್ಟವನ್ನು ಮುಟ್ಟದಿರುವುದು ಇದರಿಂದಲೇ.

ಸ್ಮಿತ್ ಅವರ ದನಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನಲವತ್ತೈದು ವರ್ಷಗಳ ಹಾಡಿಕೆಯ ನಂತರವೂ ಅದು ಅಚ್ಚರಿಯಾಗುವಷ್ಟು ಬದಲಾಗದೆ ಉಳಿದಿದೆ. ಅದೇ ತೆಳು ಕಂಪನ, ಸಾಲಿನ ಕೊನೆಯಲ್ಲಿ ಅಳುವಿನ ಅಂಚಿಗೆ ಹೋಗಿ ಹಿಂದೆ ಸರಿಯುವ ಅದೇ ರೀತಿ. ವಯಸ್ಸಾದ ರಾಕ್ ಗಾಯಕರು ಒಡೆದ ದನಿಯನ್ನೇ ಅನುಭವದ ಪುರಾವೆಯಾಗಿ ಮುಂದಿಡುವುದುಂಟು. ಇಲ್ಲಿ ದನಿ ಹುಡುಗನದು, ಮಾತು ಮುದುಕನದು. ಇವೆರಡರ ನಡುವಿನ ಎಳೆತದಿಂದಲೇ ಸಾಹಿತ್ಯದ ಬಡತನ ಹಲವು ಕಡೆ ಮರೆಯಾಗುತ್ತದೆ. ಬಡತನ ಎಂಬ ಮಾತನ್ನು ಇಲ್ಲಿ ತಪ್ಪಿಸುವಂತಿಲ್ಲ. ಕನಸು, ಕತ್ತಲೆ, ಕಳೆದುಹೋದದ್ದು, ಒಂಟಿತನ, ಹೋದ ಕಾಲ ಎಂಬ ಕೆಲವೇ ಪದಗಳ ಸುತ್ತ ಎಂಟೂ ಹಾಡುಗಳು ತಿರುಗುತ್ತವೆ, ಸಾಲುಗಳನ್ನು ಹಾಡಿನಿಂದ ಹಾಡಿಗೆ ಅದಲುಬದಲು ಮಾಡಿದರೂ ಹೆಚ್ಚು ವ್ಯತ್ಯಾಸವಾಗದು. ಹಾಡು ಹೇಗೋ ಹಾಗೆ ಕವಿತೆಯಾಗಿಯೂ ನಿಲ್ಲಬೇಕೆಂದು ಬಯಸುವವರಿಗೆ ಈ ಆಲ್ಬಂ ಪೂರ್ತಿ ಸಮಾಧಾನ ಕೊಡಲಾರದು.

ಹತ್ತು ನಿಮಿಷಕ್ಕೂ ಹೆಚ್ಚು ಉದ್ದದ ‘ಎಂಡ್‌ಸಾಂಗ್’ ಈ ಎಲ್ಲ ಆಕ್ಷೇಪಗಳನ್ನೂ ಪಕ್ಕಕ್ಕೆ ಸರಿಸುತ್ತದೆ. 1969ರ ಜುಲೈಯಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದಾಗ ತಂದೆಯ ಜೊತೆ ನಿಂತು ಆಕಾಶ ನೋಡಿದ ಹತ್ತು ವರ್ಷದ ಹುಡುಗ, ಐವತ್ತು ವರ್ಷಗಳ ನಂತರ ಅದೇ ಚಂದ್ರನನ್ನು ನೋಡುತ್ತ, ಅಂದು ನಂಬಿದ ಭವಿಷ್ಯ ಏನಾಯಿತು ಎಂದು ಕೇಳಿಕೊಳ್ಳುವುದು ಹಾಡಿನ ಬೀಜ. ಇಲ್ಲಿ ವಾದ್ಯ ಪೀಠಿಕೆ ಆರು ನಿಮಿಷವನ್ನೂ ದಾಟುತ್ತದೆ. ಡ್ರಮ್ಸ್ ಎಡೆಬಿಡದೆ ಉರುಳುತ್ತದೆ, ಗೇಬ್ರಲ್ಸ್ ಅವರ ಗಿಟಾರ್ ಈ ಸಲ ತನಗೆ ಬೇಕಾದ ಬಯಲನ್ನು ಪಡೆದು ಆ ಉರುಳಿನ ಮೇಲೆ ಉದ್ದುದ್ದ ಗೆರೆಗಳನ್ನು ಎಳೆಯುತ್ತದೆ, ಮತ್ತು ನಡು ಭಾಗದ ಹಾಡುಗಳಲ್ಲಿ ಅತಿಯಾಗಿ ಕೇಳಿದ್ದು ಇಲ್ಲಿ ಅಗತ್ಯವಾಗಿ ಕೇಳುತ್ತದೆ. ದನಿ ಬರುವ ಹೊತ್ತಿಗೆ ಕೇಳುಗರು ಅದನ್ನು ನಿರೀಕ್ಷಿಸುವುದನ್ನೇ ಬಿಟ್ಟಿರುತ್ತಾರೆ. ವೈಯಕ್ತಿಕ ನಷ್ಟವೂ ಒಂದು ಪೀಳಿಗೆಯ ಭರವಸೆಯ ನಷ್ಟವೂ ಒಂದಾಗಿ ಕೂಡಿಕೊಳ್ಳುವ ಈ ಹಾಡಿನಿಂದಾಗಿ ಆಲ್ಬಮ್ಮಿನ ಹೆಸರಿನಲ್ಲಿರುವ ‘ಕಳೆದುಹೋದ ಲೋಕ’ಕ್ಕೆ ನಿಜವಾದ ಅಗಲ ಬರುತ್ತದೆ. ಮುಖಪುಟಕ್ಕೆ ಆರಿಸಿಕೊಂಡ, ಸ್ಲೊವೇನಿಯಾದ ಶಿಲ್ಪಿ ಯಾನೆಜ್ ಪಿರ್ನಾತ್ 1975ರಲ್ಲಿ ಕೆತ್ತಿದ ‘ಬಗಟೆಲ್’ ಶಿಲ್ಪ, ಅರ್ಧ ಕಲ್ಲಾಗಿಯೇ ಉಳಿದ ತಲೆಯೊಂದು ಕತ್ತಲಲ್ಲಿ ತೇಲುವಂತೆ ಕಾಣುವ ಆ ಚಿತ್ರ, ಈ ಹಾಡಿಗೇ ಹೆಚ್ಚು ಹೊಂದುತ್ತದೆ.

ಬಿಡುಗಡೆಯ ದಿನವೇ ಪೂರ್ವ ಲಂಡನ್ನಿನ ಟ್ರಾಕ್ಸಿ ಸಭಾಂಗಣದಲ್ಲಿ ತಂಡವು ಎಂಟೂ ಹಾಡುಗಳನ್ನು ಆಲ್ಬಮ್ಮಿನ ಕ್ರಮದಲ್ಲಿಯೇ ನುಡಿಸಿತು, ಮತ್ತು ಅದರ ಮುದ್ರಣ ‘ಸಾಂಗ್ಸ್ ಆಫ್ ಎ ಲೈವ್ ವರ್ಲ್ಡ್’ ಎಂಬ ಹೆಸರಿನಲ್ಲಿ ಬೇರೆಯಾಗಿ ಹೊರಬಂದಿದೆ. ಸ್ಟುಡಿಯೋದಲ್ಲಿ ಇಕ್ಕಟ್ಟಾಗಿದ್ದ ವಾದ್ಯಗಳಿಗೆ ಅಲ್ಲಿ ಸಭಾಂಗಣದ ಜಾಗ ಸಿಕ್ಕಿದೆ, ಕೂಪರ್ ಅವರ ಡ್ರಮ್ಸಿಗೆ ತೂಕ ಬಂದಿದೆ, ‘ವಾರ್‌ಸಾಂಗ್’ ಕೂಡ ತನ್ನ ಸಾಹಿತ್ಯಕ್ಕಿಂತ ದೊಡ್ಡದಾಗಿ ಕೇಳುತ್ತದೆ. ಈ ಹಾಡುಗಳಲ್ಲಿ ಹಲವು ಕೇಳುಗರ ಮುಂದೆ ಮೊದಲು ಬಂದದ್ದು ವೇದಿಕೆಯ ಮೇಲಾದ್ದರಿಂದ ಅವುಗಳ ಸರಿಯಾದ ಅಳತೆಯೂ ಅಲ್ಲಿಯದೇ ಎನ್ನಬೇಕು. ಆಲ್ಬಮ್ಮನ್ನು ಮೊದಲ ಸಲ ಕೇಳಲು ಹೊರಟವರು ಟ್ರಾಕ್ಸಿಯ ಮುದ್ರಣವನ್ನೇ ಮೊದಲು ಕೇಳಿ, ಆಮೇಲೆ ಅಣ್ಣನ ಹಾಡಿಗಾಗಿ ಸ್ಟುಡಿಯೋ ಮುದ್ರಣಕ್ಕೆ ಬರುವುದು ಒಳ್ಳೆಯದು. ಆ ಪಿಯಾನೋ ತುಣುಕಿಗೆ ಮಾತ್ರ ಮುಚ್ಚಿದ ಕೋಣೆಯೇ ತಕ್ಕ ಜಾಗ.