ಎಂಟು ಸೂಚನೆಗಳ ಒಂದು ಹಾಳೆ

ಮನೆಗೆ ಅಂತರಜಾಲ ಸಂಪರ್ಕ ಹಾಕಿಸಿಕೊಂಡವರಿಗೆ ರೌಟರ್ ಜೊತೆಗೆ ಒಂದು ಹಾಳೆಯೂ ಸಿಗುವುದುಂಟು. ‘ನಿಮ್ಮ ವೈ-ಫೈ ಸುರಕ್ಷಿತವಾಗಿರಲಿ’ ಎಂಬ ತಲೆಬರಹದ ಅಂಥದೊಂದು ಹಾಳೆಯನ್ನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನ ಮಿತ್ರರೊಬ್ಬರು ತಂದುಕೊಟ್ಟರು. ಅದರಲ್ಲಿ ಎಂಟು ಸೂಚನೆಗಳಿವೆ. ಒಂದು, ರೌಟರ್‌ನ ಆಡಳಿತ ಪಾಸ್‌ವರ್ಡ್ ಬದಲಿಸಿ. ಎರಡು, ವೆಪ್ ಅಥವಾ ಡಬ್ಲ್ಯುಪಿಎ ಗೂಢಲಿಪಿಯನ್ನು ಆಯ್ದುಕೊಳ್ಳಿ. ಮೂರು, ಕನಿಷ್ಠ ಎಂಟು ಅಕ್ಷರ ಅಥವಾ ಅಂಕಿಗಳ ವೈ-ಫೈ ಪಾಸ್‌ವರ್ಡ್ ಇಟ್ಟು ತಿಂಗಳಿಗೊಮ್ಮೆ ಬದಲಿಸಿ. ನಾಲ್ಕು, ಜಾಲದ ಹೆಸರನ್ನು ಮರೆಮಾಡಿ. ಐದು, ಮನೆಯ ಸಾಧನಗಳ ಮ್ಯಾಕ್ ವಿಳಾಸಗಳನ್ನಷ್ಟೇ ಒಳಗೆ ಬಿಡಿ. ಆರು, ಪ್ರಸಾರದ ಶಕ್ತಿ ತಗ್ಗಿಸಿ. ಏಳು, ಬೇಡವಾದಾಗ ರೌಟರ್ ಆರಿಸಿ. ಎಂಟು, ರೌಟರ್‌ನ ತಂತ್ರಾಂಶವನ್ನು ಆಗಾಗ ನವೀಕರಿಸಿ.

“ಎಲ್ಲಾನೂ ಮಾಡಿದ್ದೀನಿ ಸಾರ್. ಆದರೂ ಇಪ್ಪತ್ತನೇ ತಾರೀಖಿಗೇ ಡೇಟಾ ಮುಗಿದು ಹೋಗ್ತಿದೆ” ಎಂದರು ಮಿತ್ರರು. ಅವರ ಮನೆಗೆ ಹೋಗಿ ರೌಟರ್‌ನ ಪಟ್ಟಿ ತೆರೆದೆವು. ಮನೆಯಲ್ಲಿ ನಾಲ್ಕು ಸಾಧನಗಳಿದ್ದವು, ಪಟ್ಟಿಯಲ್ಲಿ ಆರು. ಹೆಚ್ಚಿನ ಎರಡೂ ಪಕ್ಕದ ಮನೆಯ ಪಿಯುಸಿ ಹುಡುಗನವು ಎಂದು ತಿಳಿಯಲು ಬಹಳ ಹೊತ್ತು ಹಿಡಿಯಲಿಲ್ಲ. ಹುಡುಗ ಯಾವ ಮಾಯಾಜಾಲವನ್ನೂ ಮಾಡಿರಲಿಲ್ಲ. ಮರೆಮಾಡಿದ್ದ ಜಾಲಕ್ಕೆ ಮಿತ್ರರು ಮನೆಯ ಹೆಸರನ್ನೇ ಇಟ್ಟಿದ್ದರು, ಅದು ಗೇಟಿನ ಕಂಬದಲ್ಲಿ ಕೆತ್ತಿದೆ. ಪಾಸ್‌ವರ್ಡ್ ಅವರ ಮೊಬೈಲ್ ಸಂಖ್ಯೆ, ಅದು ಅದೇ ಗೇಟಿಗೆ ತೂಗುಹಾಕಿದ ಮನೆಪಾಠದ ಬೋರ್ಡಿನಲ್ಲಿದೆ. ಸೂಚನೆಯಂತೆ ತಿಂಗಳಿಗೊಮ್ಮೆ ಬದಲಿಸುತ್ತಿದ್ದುದು ನಿಜ: ಒಂದು ತಿಂಗಳು ತಮ್ಮ ಸಂಖ್ಯೆ, ಮರುತಿಂಗಳು ಶ್ರೀಮತಿಯವರದು. ಬೋರ್ಡಿನಲ್ಲಿ ಎರಡೂ ಇವೆ.

ನಕ್ಕುಬಿಡಬಹುದಾದ ಪ್ರಸಂಗ. ಆದರೆ ಕಳೆದುಹೋಗುವುದು ಡೇಟಾ ಮಾತ್ರವೇ ಆಗಬೇಕಿಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳು ನಡೆಯುವ ಕೆಲವೇ ನಿಮಿಷ ಮೊದಲು ಸುದ್ದಿಸಂಸ್ಥೆಗಳಿಗೆ ಬಂದ ಇ-ಮೇಲ್, ನವಿ ಮುಂಬಯಿಯ ಮನೆಯೊಂದರ ವೈ-ಫೈ ಮೂಲಕ ಹೊರಟಿತ್ತು. ಆ ಮನೆಯಲ್ಲಿದ್ದವರು ದೀರ್ಘ ವಿಚಾರಣೆಯನ್ನು ಎದುರಿಸಬೇಕಾಯಿತು. 2009ರಲ್ಲಿ ದೂರಸಂಪರ್ಕ ಇಲಾಖೆ ವೈ-ಫೈ ಬಳಕೆಯನ್ನು ಭದ್ರಪಡಿಸುವಂತೆ ಸೇವಾದಾತರಿಗೆ ನಿರ್ದೇಶನ ನೀಡಿತು. ಇಂಥ ಹಾಳೆಗಳು ಅಗತ್ಯ ಎನ್ನುವುದರಲ್ಲಿ ಸಂದೇಹವಿಲ್ಲ. ನಮ್ಮ ಮುಂದಿರುವ ಹಾಳೆಯ ಕನ್ನಡವೂ ಚೊಕ್ಕವಾಗಿದೆ. ನನ್ನ ಆಕ್ಷೇಪ ಬೇರೆ. ಎಂಟು ಸೂಚನೆಗಳಿಗೂ ಇಲ್ಲಿ ಒಂದೇ ತೂಕ, ಒಂದಕ್ಕೂ ಕಾರಣ ಕೊಟ್ಟಿಲ್ಲ. ಕಾರಣ ಗೊತ್ತಿಲ್ಲದವರು ಎಂಟನ್ನೂ ವ್ರತದಂತೆ ಪಾಲಿಸುತ್ತಾರೆ, ಎಲ್ಲಿ ತಪ್ಪಿದೆವೆಂಬುದು ಅವರಿಗೆ ತಿಳಿಯುವುದೇ ಇಲ್ಲ. ಈ ಹಾಳೆಯನ್ನು ಮಿತ್ರರು ತರಗತಿಯಲ್ಲಿ ಪಾಠವಾಗಿಯೂ ಬಳಸಿದ್ದರು. ಹಾಗಾಗಿ ಪಾಠಕ್ಕೆ ಅನ್ವಯಿಸುವ ಅಳತೆಗೋಲನ್ನೇ ಇದಕ್ಕೂ ಹಿಡಿಯೋಣ.

ಭೌತಶಾಸ್ತ್ರದವನಾದ್ದರಿಂದ ಆರನೆಯ ಸೂಚನೆಯಿಂದ ಆರಂಭಿಸುತ್ತೇನೆ. ಮನೆಯ ರೌಟರ್ ಸುಮಾರು 100 ಮಿಲಿವಾಟ್ ಶಕ್ತಿಯಲ್ಲಿ ಪ್ರಸಾರ ಮಾಡುತ್ತದೆ ಎಂದುಕೊಳ್ಳಿ. 2.4 ಗಿಗಾಹರ್ಟ್ಸ್ ಆವೃತ್ತಿಯಲ್ಲಿ ತರಂಗದೂರ 12.5 ಸೆಂಟಿಮೀಟರ್. ಅಡೆತಡೆಯಿಲ್ಲದ ಬಯಲಿನಲ್ಲಿ 100 ಮೀಟರ್ ಆಚೆಗಿರುವ ಸಾಧಾರಣ ಆಂಟೆನಾಕ್ಕೆ ಇದರ ಹತ್ತು ಕೋಟಿಯಲ್ಲೊಂದು ಪಾಲು, ಅಂದರೆ ಸುಮಾರು 1 ನ್ಯಾನೋವಾಟ್, ಸಿಗುತ್ತದೆ. ನಡುವೆ ಎರಡು ಗೋಡೆಗಳಿದ್ದು ಒಂದೊಂದೂ ಶಕ್ತಿಯನ್ನು ಹತ್ತನೇ ಒಂದಕ್ಕೆ ಇಳಿಸಿದರೂ 10 ಪಿಕೋವಾಟ್ ಉಳಿಯಿತು. ಕಡಿಮೆ ವೇಗದ ಸಂಕೇತವನ್ನು ಗ್ರಹಿಸಲು ಇಂದಿನ ಸಾಧನಕ್ಕೆ 1 ಪಿಕೋವಾಟ್ ಆಸುಪಾಸಿನಲ್ಲಿದ್ದರೆ ಸಾಕು. ಈಗ ಪ್ರಸಾರದ ಶಕ್ತಿಯನ್ನು ಅರ್ಧ ಮಾಡಿ. 10 ಇದ್ದದ್ದು 5 ಆಯಿತು, ಕೇಳಿಸುವವನಿಗೆ ಇನ್ನೂ ಕೇಳಿಸುತ್ತಲೇ ಇದೆ. ವಿಲೋಮ ವರ್ಗ ನಿಯಮದ ಪ್ರಕಾರ ಶಕ್ತಿ ಅರ್ಧವಾದರೆ ದೂರ ಅರ್ಧವಾಗುವುದಿಲ್ಲ, √2ರಷ್ಟು ಮಾತ್ರ ಕುಗ್ಗುತ್ತದೆ. ವ್ಯಾಪ್ತಿಯನ್ನು ಹತ್ತನೇ ಒಂದಕ್ಕೆ ಇಳಿಸಬೇಕಾದರೆ ಶಕ್ತಿಯನ್ನು ನೂರನೇ ಒಂದಕ್ಕೆ ಇಳಿಸಬೇಕು. ಆಗ ಒಳಕೋಣೆಯಲ್ಲಿರುವ ನಿಮ್ಮ ಮಗಳಿಗೇ ಸಂಪರ್ಕ ಸಿಗುವುದು ಕಷ್ಟ. ಆದರೆ ಹೊರಗಿನವನು ನೂರು ಪಟ್ಟು ಗಳಿಕೆಯ ಒಂದು ತಟ್ಟೆ ಆಂಟೆನಾ ಇಟ್ಟುಕೊಂಡರೆ ನೀವು ತಗ್ಗಿಸಿದ್ದನ್ನೆಲ್ಲ ವಾಪಸು ಪಡೆಯುತ್ತಾನೆ. ಗೋಡೆ ಕಣ್ಣಿಗೆ ಗಡಿ, ರೇಡಿಯೋ ತರಂಗಕ್ಕೆ ಬರೇ ಒಂದು ಮಾಧ್ಯಮ. ಅಲೆ ಹೊರಗೆ ಹೋಗಿಯೇ ಹೋಗುತ್ತದೆ ಎಂದು ಒಪ್ಪಿಕೊಂಡು ಮುಂದಿನ ಯೋಚನೆ ಮಾಡಬೇಕು. ಹಾಳೆ ಹೇಳಬೇಕಾಗಿದ್ದ ಮೊದಲ ಮಾತೇ ಇದು.

ಒಪ್ಪಿಕೊಂಡರೆ ನಾಲ್ಕನೆಯ ಮತ್ತು ಐದನೆಯ ಸೂಚನೆಗಳ ಬಣ್ಣವೂ ಬಯಲಾಗುತ್ತದೆ. ಮರೆಮಾಡುವುದೆಂದರೆ ರೌಟರ್ ತನ್ನ ಹೆಸರನ್ನು ತಾನಾಗಿ ಕೂಗುವುದನ್ನು ನಿಲ್ಲಿಸುವುದು, ಅಷ್ಟೇ. ಮನೆಯ ಯಾವುದೇ ಫೋನು ಸಂಪರ್ಕ ಬೆಳೆಸುವಾಗ ಆ ಹೆಸರು ಗೂಢಲಿಪಿಯಿಲ್ಲದೆ ಗಾಳಿಯಲ್ಲಿ ಹೋಗುತ್ತದೆ. ಅದಕ್ಕಿಂತ ವಿಚಿತ್ರವೆಂದರೆ, ಹೆಸರು ಕೂಗದ ಜಾಲವನ್ನು ಹುಡುಕಬೇಕಾದ ಫೋನು ತಾನೇ “ಇಂಥ ಹೆಸರಿನ ಜಾಲ ಇದೆಯೇ?” ಎಂದು ಬಸ್ಸಿನಲ್ಲಿ, ಸಂತೆಯಲ್ಲಿ ಕೇಳುತ್ತ ತಿರುಗಬಹುದು. ಮ್ಯಾಕ್ ವಿಳಾಸದ ಕಥೆಯೂ ಇದೇ. ಈ 48 ಬಿಟ್‌ಗಳ ಸಂಖ್ಯೆ ಪ್ರತಿಯೊಂದು ಚೌಕಟ್ಟಿನ ತಲೆಯಲ್ಲೂ ತೆರೆದೇ ಇರುತ್ತದೆ, ಒಳಗಿನ ಮಾಹಿತಿ ಗೂಢಲಿಪಿಯಲ್ಲಿದ್ದರೂ ಸಹ. ಕೇಳಿದವನು ತನ್ನ ಸಾಧನಕ್ಕೆ ಅದೇ ವಿಳಾಸವನ್ನು ತೊಡಿಸಿಕೊಳ್ಳಬಲ್ಲ. ಮಿತ್ರರ ಮನೆಯಲ್ಲಂತೂ ಈ ಸೂಚನೆ ತಿರುಗುಬಾಣವಾಗಿತ್ತು. ಫೋನಿನ ವಿವರಗಳ ಪುಟದಲ್ಲಿದ್ದ ವಿಳಾಸವನ್ನು ಅವರು ರೌಟರ್‌ನಲ್ಲಿ ದಾಖಲಿಸಿದ್ದರು. ಆದರೆ ಈಚಿನ ಫೋನುಗಳು ಬಳಕೆದಾರರ ಜಾಡು ಹಿಡಿಯದಂತೆ ಒಂದೊಂದು ಜಾಲಕ್ಕೆ ಒಂದೊಂದು ಯಾದೃಚ್ಛಿಕ ವಿಳಾಸವನ್ನು ತೋರಿಸುತ್ತವೆ. ಮಗಳ ಫೋನೇ ಹೊರಗುಳಿಯಿತು. ಒಂದು ವಾರ ಒದ್ದಾಡಿ ಸೋಸುವಿಕೆಯನ್ನು ತೆಗೆದುಹಾಕಿದರಂತೆ. “ಅದೊಂದನ್ನ ಬಿಟ್ಟೆ ಸಾರ್” ಎಂದು ಆಮೇಲೆ ಅಪರಾಧಿಯಂತೆ ಒಪ್ಪಿಕೊಂಡರು. ಅಪರಾಧವೇನೂ ಇಲ್ಲ.

ಎರಡನೆಯ ಸೂಚನೆಯಲ್ಲಿ ತಪ್ಪು ಗಂಭೀರವಾದದ್ದು. ‘ವೆಪ್ ಅಥವಾ ಡಬ್ಲ್ಯುಪಿಎ’ ಎನ್ನುವ ಮಾತು ಇಪ್ಪತ್ತು ವರ್ಷ ಹಿಂದಿನ ಯಾವುದೋ ಹಾಳೆಯಿಂದ ನಕಲಾಗುತ್ತ ಬಂದಿರಬೇಕು. 1997ರ ಮೂಲ ವೈ-ಫೈ ಮಾನಕದಲ್ಲಿ ವೆಪ್ ಇತ್ತು. ತಂತಿಯಷ್ಟೇ ಖಾಸಗಿತನ ಕೊಡುತ್ತೇನೆಂದು ಹೆಸರಿನಲ್ಲೇ ಹೇಳಿಕೊಂಡ ವ್ಯವಸ್ಥೆ ಅದು. ವಿದ್ಯಾರ್ಥಿಗಳು ಇದನ್ನು ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಇಲ್ಲಿ ಬಿಡಿಭಾಗಗಳು ಹಾಳಾಗಿದ್ದವು ಎನ್ನುವುದಕ್ಕಿಂತ ಅವುಗಳನ್ನು ಜೋಡಿಸಿದ ರೀತಿ ತಪ್ಪಾಗಿತ್ತು.

ರಾನ್ ರಿವೆಸ್ಟ್ 1987ರಲ್ಲಿ ರೂಪಿಸಿದ ಆರ್‌ಸಿ4 ಎಂಬ ವಿಧಾನವು ಒಂದು ಕೀಲಿಯಿಂದ ಉದ್ದನೆಯ ಬಿಟ್‌ಧಾರೆಯನ್ನು ಹೊರಡಿಸುತ್ತದೆ. ಸಂದೇಶದ ಬಿಟ್ಟೂ ಧಾರೆಯ ಬಿಟ್ಟೂ ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1 ಎಂದು ಬರೆದರೆ ಗೂಢಸಂದೇಶ ಸಿದ್ಧ. ಒಂದೇ ಧಾರೆಯನ್ನು ಎರಡು ಸಂದೇಶಗಳಿಗೆ ಬಳಸಿದರೆ? ಎರಡು ಗೂಢಸಂದೇಶಗಳನ್ನು ಅದೇ ರೀತಿ ಹೋಲಿಸಿದಾಗ ಧಾರೆ ರದ್ದಾಗಿ ಮೂಲ ಸಂದೇಶಗಳೆರಡರ ವ್ಯತ್ಯಾಸವಷ್ಟೇ ಉಳಿಯುತ್ತದೆ. ಒಂದನ್ನು ಊಹಿಸಿದರೆ ಇನ್ನೊಂದು ಪುಕ್ಕಟೆ. ಇದನ್ನು ತಪ್ಪಿಸಲು ವೆಪ್ ಪ್ರತಿ ಪ್ಯಾಕೆಟ್ಟಿಗೂ ಕೀಲಿಯ ಜೊತೆ 24 ಬಿಟ್‌ಗಳ ಒಂದು ಆರಂಭಿಕ ಸಂಖ್ಯೆಯನ್ನು ಸೇರಿಸುತ್ತಿತ್ತು. 2ರ 24ನೇ ಘಾತ 1,67,77,216. ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ಆದರೆ ಸೆಕೆಂಡಿಗೆ 11 ಮೆಗಾಬಿಟ್ ವೇಗದಲ್ಲಿ 1500 ಬೈಟ್‌ಗಳ ಪ್ಯಾಕೆಟ್ಟುಗಳು ಸೆಕೆಂಡಿಗೆ ಒಂಬೈನೂರರಂತೆ ಹೊರಟರೆ ಐದೇ ಗಂಟೆಗಳಲ್ಲಿ ಎಲ್ಲ ಸಂಖ್ಯೆಗಳೂ ಮುಗಿಯುತ್ತವೆ. ಸಂಖ್ಯೆಯನ್ನು ಯಾದೃಚ್ಛಿಕವಾಗಿ ಆರಿಸಿದರೆ ಇನ್ನೂ ಕಷ್ಟ. ತರಗತಿಯಲ್ಲಿ 23 ಮಕ್ಕಳಿದ್ದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಂಭವ ಅರ್ಧಕ್ಕಿಂತ ಹೆಚ್ಚು ಎನ್ನುವ ಲೆಕ್ಕ ನಿಮಗೆ ಗೊತ್ತು. ಅದೇ ಲೆಕ್ಕದಿಂದ ಸುಮಾರು 4,800 ಪ್ಯಾಕೆಟ್ಟುಗಳಲ್ಲಿ, ಅಂದರೆ ಐದಾರು ಸೆಕೆಂಡುಗಳಲ್ಲಿ, ಒಂದು ಸಂಖ್ಯೆ ಮರುಕಳಿಸುವ ಸಂಭವ ಅರ್ಧ.

ಸಂದೇಶವನ್ನು ಯಾರಾದರೂ ತಿದ್ದಿದರೆ ತಿಳಿಯಲೆಂದು ವೆಪ್ ಸಿಆರ್‌ಸಿ-32 ಮೊತ್ತವನ್ನು ಬಳಸಿತು. ಗದ್ದಲದಿಂದ ಬಿಟ್ಟೊಂದು ಪಲ್ಟಿಯಾದರೆ ಅದು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಅದು ರೇಖೀಯ ಕ್ರಿಯೆ, ಸಂದೇಶ ಬದಲಿಸಿದವನು ಮೊತ್ತವನ್ನೂ ಹೊಂದುವಂತೆ ಬದಲಿಸಬಲ್ಲ. ಗದ್ದಲಕ್ಕೆ ದುರುದ್ದೇಶವಿಲ್ಲ, ಕಳ್ಳನಿಗಿದೆ. ನಮ್ಮ ಪ್ರಯೋಗಶಾಲೆಯ ದೋಷ ಸಿದ್ಧಾಂತವನ್ನು ಕಳ್ಳನಿಗೆ ಅನ್ವಯಿಸಿದಂತಾಯಿತು. 2001ರಲ್ಲಿ ಫ್ಲೂರರ್, ಮಾಂಟಿನ್ ಮತ್ತು ಶಮೀರ್ ಅವರು ಇಂಥ ಬಳಕೆಯಲ್ಲಿ ಆರ್‌ಸಿ4 ತನ್ನ ಕೀಲಿಯನ್ನೇ ಸೋರಿಬಿಡುತ್ತದೆಂದು ತೋರಿಸಿದರು. ಕೀಲಿಯನ್ನು 40ರಿಂದ 104 ಬಿಟ್‌ಗೆ ಉದ್ದ ಮಾಡಿದ್ದೂ ಫಲಿಸಲಿಲ್ಲ: ಈ ದಾಳಿಯ ಶ್ರಮ ಕೀಲಿಯ ಉದ್ದದ ಜೊತೆ ಘಾತೀಯವಾಗಿ ಬೆಳೆಯದೆ ರೇಖೀಯವಾಗಿ ಬೆಳೆಯುತ್ತದೆ. 2007ರಲ್ಲಿ ಡಾರ್ಮ್‌ಸ್ಟಾಟ್‌ನ ಮೂವರು ಸಂಶೋಧಕರು 104 ಬಿಟ್‌ಗಳ ಕೀಲಿಯನ್ನು ಒಂದು ನಿಮಿಷದೊಳಗೆ ಪಡೆಯುವ ದಾರಿಯನ್ನು ಪ್ರಕಟಿಸಿದರು. ಇಂಥದ್ದನ್ನು ಆಯ್ದುಕೊಳ್ಳಿ ಎನ್ನುವ ಹಾಳೆ ಇನ್ನೂ ಹಂಚಿಕೆಯಾಗುತ್ತಿದೆ! 2003ರ ಡಬ್ಲ್ಯುಪಿಎ ಹಳೆಯ ಯಂತ್ರಾಂಶವನ್ನು ಉಳಿಸಿಕೊಳ್ಳಲು ಮಾಡಿದ ತಾತ್ಕಾಲಿಕ ತೇಪೆ, ಅದರೊಳಗೂ ಆರ್‌ಸಿ4 ಇತ್ತು. 2004ರಲ್ಲಿ ಬಂದ ಡಬ್ಲ್ಯುಪಿಎ2 ಎಇಎಸ್ ಗೂಢಲಿಪಿಯನ್ನು ಬಳಸುತ್ತದೆ. 2018ರದು ಡಬ್ಲ್ಯುಪಿಎ3. ಆಯ್ಕೆ ಇರಬೇಕಾದದ್ದು ಈ ಕೊನೆಯ ಎರಡರ ನಡುವೆ.

ಇನ್ನು ಪಾಸ್‌ವರ್ಡ್. ಡಬ್ಲ್ಯುಪಿಎ2ರಲ್ಲಿ ಫೋನು ಮತ್ತು ರೌಟರ್ ನಾಲ್ಕು ಸಂದೇಶಗಳನ್ನು ವಿನಿಮಯ ಮಾಡಿಕೊಂಡು ಪರಸ್ಪರ ಗುರುತಿಸುತ್ತವೆ. ಆ ನಾಲ್ಕನ್ನು ಒಮ್ಮೆ ದಾಖಲಿಸಿಕೊಂಡವನು ಮನೆಗೆ ಹೋಗಿ ಪಾಸ್‌ವರ್ಡುಗಳನ್ನು ಒಂದೊಂದಾಗಿ ಊಹಿಸಿ ತಾಳೆ ನೋಡಬಹುದು, ನಿಮ್ಮ ರೌಟರ್‌ಗೆ ಗೊತ್ತೇ ಆಗುವುದಿಲ್ಲ. ಪ್ರತಿ ಊಹೆಗೂ 4096 ಸಲ ಸುತ್ತುವ ಲೆಕ್ಕ ಮಾಡಬೇಕು ಎನ್ನುವುದೇ ಅವನಿಗಿರುವ ತಡೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10 ಲಕ್ಷ ಊಹೆಗಳನ್ನು ಪರೀಕ್ಷಿಸುತ್ತದೆ ಎಂದಿಟ್ಟುಕೊಳ್ಳೋಣ. ನಮ್ಮ ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದ ಆರಂಭವಾಗುವುದರಿಂದ ಒಟ್ಟು ಸಾಧ್ಯತೆಗಳು 400 ಕೋಟಿ. ಎಲ್ಲವನ್ನೂ ಮುಗಿಸಲು 4000 ಸೆಕೆಂಡು, ಒಂದು ಗಂಟೆ ಏಳು ನಿಮಿಷ. ಗೇಟಿನ ಬೋರ್ಡನ್ನು ಓದುವ ಶ್ರಮವೂ ಬೇಡ. ಹಾಳೆ ಹೇಳುವ ಎಂಟು ಅಕ್ಷರಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಿಂದ ಯಾದೃಚ್ಛಿಕವಾಗಿ ಆರಿಸಿದರೂ 26ರ 8ನೇ ಘಾತ ಸುಮಾರು 20,900 ಕೋಟಿ. ಎರಡೂವರೆ ದಿನದ ಕೆಲಸ. ಹನ್ನೆರಡಕ್ಕೆ ಏರಿಸಿ: ಮೂರು ಸಾವಿರ ವರ್ಷ ಬೇಕು. ನೆನಪಿಡುವುದು ಕಷ್ಟವಾದರೆ ಬಳಕೆಯ 4000 ಕನ್ನಡ ಪದಗಳಿಂದ ಚೀಟಿ ಎತ್ತಿ ಐದನ್ನು ಆರಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಮೂವತ್ತೆರಡು ಸಾವಿರ ವರ್ಷ. ಚೀಟಿ ಎತ್ತುವುದು ಮುಖ್ಯ. ಮನಸ್ಸಿಗೆ ಬಂದ ಐದು ಪದಗಳಾದರೆ ಅವು ಮನೆದೇವರ ಹೆಸರೋ ಮಕ್ಕಳ ಹೆಸರೋ ಆಗಿರುತ್ತವೆ. ಹೀಗೆ ಆರಿಸಿದ್ದನ್ನು ತಿಂಗಳಿಗೊಮ್ಮೆ ಬದಲಿಸಬೇಕಾಗಿಲ್ಲ. ಬದಲಿಸಲೇಬೇಕೆಂಬ ಒತ್ತಾಯ ಏನು ಮಾಡಿಸುತ್ತದೆ ಎನ್ನುವುದಕ್ಕೆ ಮಿತ್ರರ ಬೋರ್ಡೇ ಸಾಕ್ಷಿ.

ಜಾಲದ ಹೆಸರಿಗೂ ಇಲ್ಲಿ ಒಂದು ನಿಜವಾದ ಪಾತ್ರವಿದೆ. ಆ 4096 ಸುತ್ತಿನ ಲೆಕ್ಕದಲ್ಲಿ ಪಾಸ್‌ವರ್ಡಿನ ಜೊತೆ ಹೆಸರೂ ಬೆರೆಯುತ್ತದೆ. ಕಾರ್ಖಾನೆಯಿಂದ ಬಂದ ಸಾಮಾನ್ಯ ಹೆಸರನ್ನೇ ಉಳಿಸಿಕೊಂಡರೆ ಆ ಹೆಸರಿಗೆ ಮೊದಲೇ ಲೆಕ್ಕಹಾಕಿಟ್ಟ ಕೋಷ್ಟಕಗಳು ಕಳ್ಳನಿಗೆ ಒದಗುತ್ತವೆ. ಆದ್ದರಿಂದ ಹೆಸರನ್ನು ಮರೆಮಾಡಬೇಕಿಲ್ಲ, ಇತರರಿಗಿಲ್ಲದ ಹೆಸರನ್ನು ಇಡಬೇಕು. ಹಾಳೆ ಇದನ್ನು ತಲೆಕೆಳಗು ಮಾಡಿದೆ.

ಹಾಳೆ ಹೇಳದೆ ಬಿಟ್ಟದ್ದು ಡಬ್ಲ್ಯುಪಿಎಸ್ ಎಂಬ ಅನುಕೂಲ. ಉದ್ದನೆಯ ಪಾಸ್‌ವರ್ಡ್ ಟೈಪು ಮಾಡುವ ಕಷ್ಟ ತಪ್ಪಿಸಲು ರೌಟರ್‌ಗೆ ಎಂಟು ಅಂಕಿಗಳ ಒಂದು ಗುರುತುಸಂಖ್ಯೆ ಕೊಟ್ಟರು. ಕೊನೆಯ ಅಂಕಿ ಉಳಿದವುಗಳಿಂದ ಬರುವ ತಾಳೆ ಅಂಕಿ, ಹಾಗಾಗಿ ಸಾಧ್ಯತೆಗಳು ಒಂದು ಕೋಟಿ. ಆದರೆ ರೌಟರ್ ಮೊದಲ ನಾಲ್ಕು ಅಂಕಿಗಳು ಸರಿಯೇ ಎಂದು ಬೇರೆಯಾಗಿ, ಉಳಿದವು ಸರಿಯೇ ಎಂದು ಬೇರೆಯಾಗಿ ತಿಳಿಸಿಬಿಡುತ್ತದೆ. 10,000 × 1,000 ಆಗಬೇಕಾದದ್ದು 10,000 + 1,000 ಆಯಿತು. ಹನ್ನೊಂದು ಸಾವಿರ ಪ್ರಯತ್ನಗಳೆಂದರೆ ಕೆಲವು ಗಂಟೆಗಳ ಮಾತು. 2011ರ ಡಿಸೆಂಬರಿನಲ್ಲಿ ಸ್ಟೆಫಾನ್ ಫೀಬ್ಯೋಕ್ ಇದನ್ನು ಬಯಲು ಮಾಡಿದರು. ಆಮೇಲಿನ ಅನೇಕ ರೌಟರ್‌ಗಳು ಕೆಲವು ತಪ್ಪು ಪ್ರಯತ್ನಗಳಾದ ಮೇಲೆ ತಡೆಯುತ್ತವೆ, ಆದರೂ ಅದನ್ನು ಆರಿಸಿಡುವುದೇ ಕ್ಷೇಮ. ಮಿತ್ರರ ಮನೆಯಲ್ಲಿ ಅದು ಚಾಲೂ ಇತ್ತು. ಗುಣಾಕಾರ ಎಲ್ಲಿ, ಸಂಕಲನ ಎಲ್ಲಿ ಎಂದು ಕಲಿಸುವ ಗಣಿತದ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮೊದಲ ಸೂಚನೆ ಸರಿಯಾಗಿದೆ: 2016ರ ಮಿರಾಯ್ ಎಂಬ ಕುತಂತ್ರಾಂಶವು ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೌಟರ್‌ಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡಿತ್ತು. ಏಳನೆಯದರಿಂದ ವಿದ್ಯುತ್ ಉಳಿಯುತ್ತದೆ. ಎಂಟನೆಯದನ್ನು ಕೊನೆಗೆ ತಳ್ಳಿರುವುದು ಅನ್ಯಾಯ. 2017ರಲ್ಲಿ ಬೆಲ್ಜಿಯಂನ ಮಾಥಿ ವನ್‌ಹೂಫ್ ಮತ್ತು ಫ್ರಾಂಕ್ ಪೀಸೆನ್ಸ್ ಅವರು ಡಬ್ಲ್ಯುಪಿಎ2ರ ನಾಲ್ಕು ಸಂದೇಶಗಳಲ್ಲಿ ಮೂರನೆಯದನ್ನು ಮತ್ತೆ ಕಳಿಸಿದರೆ ಸಾಧನವು ಬಳಸಿದ ಸಂಖ್ಯೆಯನ್ನೇ ಪುನಃ ಬಳಸುವಂತೆ ಮಾಡಬಹುದೆಂದು ತೋರಿಸಿದರು. ಇಪ್ಪತ್ತು ವರ್ಷಗಳ ನಂತರ ವೆಪ್‌ನ ಅದೇ ರೋಗ! ಈ ದಾಳಿಯಲ್ಲಿ ಪಾಸ್‌ವರ್ಡ್ ಹೊರಬೀಳುವುದಿಲ್ಲ, ಆದ್ದರಿಂದ ಅದನ್ನು ಬದಲಿಸಿ ಪ್ರಯೋಜನವಿಲ್ಲ. ರೌಟರ್‌ನ ಮತ್ತು ಫೋನಿನ ತಂತ್ರಾಂಶ ನವೀಕರಿಸುವುದೊಂದೇ ಪರಿಹಾರ. ಡಬ್ಲ್ಯುಪಿಎ3ರಲ್ಲಿ ದಾಖಲಿಸಿಕೊಂಡು ಮನೆಯಲ್ಲಿ ಊಹಿಸುವ ಆಟ ನಡೆಯುವುದಿಲ್ಲ. ಆದರೆ 2019ರಲ್ಲಿ ಅದರ ಅಳವಡಿಕೆಗಳಲ್ಲೂ ದೋಷಗಳು ಸಿಕ್ಕವು, ಅವುಗಳಿಗೂ ನವೀಕರಣವೇ ಮದ್ದಾಯಿತು.

ಮಿತ್ರರ ರೌಟರ್‌ನಲ್ಲಿ ಡಬ್ಲ್ಯುಪಿಎ3 ಇಲ್ಲ. ಡಬ್ಲ್ಯುಪಿಎ2 ಮತ್ತು ಎಇಎಸ್ ಆರಿಸಿ, ಡಬ್ಲ್ಯುಪಿಎಸ್ ಆರಿಸಿಟ್ಟು, ತಂತ್ರಾಂಶ ನವೀಕರಿಸಿ, ನಿಘಂಟಿನಿಂದ ಚೀಟಿ ಎತ್ತಿ ಐದು ಪದ ಇಟ್ಟೆವು. ಚೀಟಿ ಎತ್ತಿದ್ದು ಅವರ ಮಗಳು. ಹಾಳೆ ಅಚ್ಚು ಮಾಡಿಸಿದವರಿಗೆ ಈ ಆಕ್ಷೇಪಗಳನ್ನೆಲ್ಲ ಬರೆದು ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಪಕ್ಕದ ಮನೆಯ ಹುಡುಗ ಮರುದಿನ ಸಂಜೆ ಪಾಠಕ್ಕೆ ಬಂದವನು ಬಾಗಿಲಲ್ಲೇ ನಿಂತು, “ಸಾರ್, ನಿಮ್ಮ ವೈ-ಫೈ ಕೆಟ್ಟಿದೆಯಾ?” ಎಂದು ಕೇಳಿದನಂತೆ.